ಎಣ್ಣೆ ಹೀರಿದ ಬೌಲಿಂಗ್ ಚೆಂಡು: ಎಷ್ಟು ಬಿಸಿ, ಎಷ್ಟು ಹೊತ್ತು?

ಪ್ರಶ್ನೆ: ನನ್ನ ರಿಯಾಕ್ಟಿವ್ ರೆಸಿನ್ ಚೆಂಡು ಹೊಸತರಲ್ಲಿ ಪಿನ್‌ಗಳ ಹತ್ತಿರ ಬಂದಾಗ ಚೆನ್ನಾಗಿ ಹುಕ್ ಆಗುತ್ತಿತ್ತು, ಅಂದರೆ ಬದಿಗೆ ತಿರುಗುತ್ತಿತ್ತು. ಸುಮಾರು ತೊಂಬತ್ತು ಆಟಗಳಾಗಿವೆ. ಈಗ ನೇರವಾಗಿ ಜಾರಿಕೊಂಡು ಹೋಗುತ್ತದೆ. ಪ್ರತಿ ಸಲ ಆಟ ಮುಗಿಸಿ ಒರೆಸಿಯೇ ಚೀಲಕ್ಕೆ ಹಾಕುತ್ತೇನೆ. ಚೆಂಡು ಉರುಳುವ ಹಾದಿಯಾದ ಲೇನಿಗೆ ಬಳಿದಿರುವ ಎಣ್ಣೆ ಚೆಂಡಿನೊಳಗೆ ಇಳಿದಿದೆ, ಅದನ್ನು ಮನೆಯಲ್ಲೇ ತೆಗೆಯಬಹುದೇ? ಪಾತ್ರೆ ತೊಳೆಯುವ ಯಂತ್ರದಲ್ಲಿ ಒಂದು ಸುತ್ತು ಇಟ್ಟರೆ ಸಾಕು ಎಂದು ಜೊತೆಗಾರರು ಹೇಳುತ್ತಾರೆ.

ಉತ್ತರ: ಮನೆಯಲ್ಲೇ ತೆಗೆಯಬಹುದು, ಆದರೆ ಆ ಯಂತ್ರಕ್ಕೆ ಮಾತ್ರ ಹಾಕಬೇಡಿ. ಯಾಕೆ ಎಂದು ತಿಳಿಯಬೇಕಾದರೆ ನಿಮ್ಮ ಚೆಂಡಿನ ಹೊರಕವಚ ಹೇಗೆ ಆಗಿದೆ ಎಂದು ನೋಡಬೇಕು.

ರಿಯಾಕ್ಟಿವ್ ರೆಸಿನ್ ಮಾರುಕಟ್ಟೆಗೆ ಬಂದದ್ದು 1990ರ ದಶಕದ ಆರಂಭದಲ್ಲಿ. ಇದರ ಮೂಲ ಯುರೇಥೇನ್ ಎಂಬ ಪ್ಲಾಸ್ಟಿಕ್. ಅದಕ್ಕೆ ಪ್ಲಾಸ್ಟಿಸೈಜರ್ ಎಂಬ ಎಣ್ಣೆಯಂಥ ದ್ರವವನ್ನು ಬೆರೆಸಿ ಅಚ್ಚಿಗೆ ಹೊಯ್ಯುತ್ತಾರೆ. ಕವಚ ಗಟ್ಟಿಯಾಗುವಾಗ ಈ ದ್ರವ ಅದರೊಂದಿಗೆ ಪೂರ್ತಿ ಬೆಸೆದುಕೊಳ್ಳುವುದಿಲ್ಲ. ಹಾಗಾಗಿ ಕಣ್ಣಿಗೆ ಕಾಣದ ಅಸಂಖ್ಯ ರಂಧ್ರಗಳು ಉಳಿಯುತ್ತವೆ. ಲೇನಿನ ಮೇಲೆ ಹಿಡಿತ ಕೊಡುವುದರಲ್ಲಿ ಈ ರಂಧ್ರಗಳ ಪಾಲು ದೊಡ್ಡದು, ಎಣ್ಣೆ ಕುಡಿಯುವುದೂ ಅವೇ. ಎಸೆಯುವಾಗ ದಾಟಬಾರದ ಫೌಲ್ ಗೆರೆಯಿಂದ ಮೊದಲ ಪಿನ್‌ಗೆ 60 ಅಡಿ. ಅದರಲ್ಲಿ ಸಾಮಾನ್ಯವಾಗಿ ಮೊದಲ 40 ಅಡಿಯ ಆಸುಪಾಸು ಖನಿಜ ತೈಲದ ತೆಳು ಪದರ ಇರುತ್ತದೆ. ಪ್ರತಿ ಎಸೆತದಲ್ಲೂ ಚೆಂಡು ಅದರ ಮೇಲೆ ಉರುಳಿ ಮೈಗೆ ಬಳಿದುಕೊಂಡು ಬರುತ್ತದೆ. ವಾಪಸು ಬಂದ ಚೆಂಡನ್ನು ಬೆಳಕಿಗೆ ಹಿಡಿದು ನೋಡಿ, ಸುತ್ತ ಹೊಳೆಯುವ ಬಳೆಯಂಥ ಗೆರೆಗಳು ಕಾಣುತ್ತವೆ. ಆ ಬಳೆಗಳನ್ನು ಒರೆಸದೆ ಬಿಟ್ಟಷ್ಟೂ ಎಣ್ಣೆ ಒಳಗಿಳಿಯುತ್ತದೆ. ನೀವು ಆಟ ಮುಗಿದ ಮೇಲೆ ಒರೆಸುತ್ತೀರಿ, ಸಂತೋಷ. ಆದರೆ ಅಷ್ಟು ಹೊತ್ತಿಗೆ ಎಣ್ಣೆಗೆ ಒಂದೆರಡು ಗಂಟೆ ಬಿಡುವು ಸಿಕ್ಕಿರುತ್ತದೆ. ಪ್ರತಿ ಎಸೆತಕ್ಕೂ ಮುನ್ನ ಒಣ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸುವುದನ್ನು ರೂಢಿ ಮಾಡಿಕೊಳ್ಳಿ.

ಇನ್ನು ಬಿಸಿಯ ವಿಚಾರ. ಶಾಖ ತಗಲಿದಾಗ ಕವಚ ತುಸು ಹಿಗ್ಗುತ್ತದೆ, ಎಣ್ಣೆ ತೆಳುವಾಗಿ ಹೊರಗೆ ಜಿನುಗುತ್ತದೆ. ಎಣ್ಣೆ ತೆಗೆಯುವ ಎಲ್ಲ ವಿಧಾನಗಳ ಗುಟ್ಟು ಇಷ್ಟೇ. ಆದರೆ ಲೇನಿನ ಎಣ್ಣೆ ಯಾವುದು, ಚೆಂಡಿನದೇ ಆದ ಪ್ಲಾಸ್ಟಿಸೈಜರ್ ಯಾವುದು ಎಂದು ಶಾಖ ಭೇದ ಮಾಡುವುದಿಲ್ಲ. ಬಿಸಿ ಹೆಚ್ಚಾದರೆ ಎರಡೂ ಹೊರಡುತ್ತವೆ. ಪ್ಲಾಸ್ಟಿಸೈಜರ್ ಕಳೆದುಕೊಂಡ ಕವಚ ಪೆಡಸಾಗುತ್ತದೆ, ಬಿರುಕು ಬಿಡುತ್ತದೆ, ಮತ್ತೆ ಅದಕ್ಕೆ ಜೀವ ಬರುವುದಿಲ್ಲ. ಪಾತ್ರೆ ತೊಳೆಯುವ ಯಂತ್ರ ಒಣಗಿಸುವ ಹಂತದಲ್ಲಿ ಎಷ್ಟು ಕಾಯುತ್ತದೆ ಎಂಬುದು ನಿಮ್ಮ ಹಿಡಿತದಲ್ಲಿಲ್ಲ. ಅಡುಗೆಮನೆಯ ಓವನ್ ಅದಕ್ಕಿಂತ ಅಪಾಯಕಾರಿ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಡಿಕ್ಕಿಯೂ ಸಣ್ಣ ಓವನ್ನೇ. ಡಿಕ್ಕಿಯಲ್ಲಿ ವಾರಗಟ್ಟಲೆ ಉಳಿದುಹೋದ ಚೆಂಡೊಂದನ್ನು ಒಬ್ಬರು ನನ್ನ ಬಳಿ ತಂದಿದ್ದರು. ಹೆಬ್ಬೆರಳಿನ ತೂತಿನ ಅಂಚಿನಿಂದ ನಡುಬೆರಳಿನ ತೂತಿನವರೆಗೆ ಕೂದಲೆಳೆಯಂಥ ಗೆರೆ. ಉಗುರಿನಿಂದ ಗೀರಿದರೆ ಸಿಕ್ಕಿಕೊಳ್ಳುತ್ತಿತ್ತು. ಆ ಚೆಂಡಿಗೆ ನಾನು ಮಾಡಬಹುದಾದದ್ದು ಏನೂ ಇರಲಿಲ್ಲ.

ಮನೆಯಲ್ಲಿ ನಂಬಬಹುದಾದದ್ದು ಬಿಸಿನೀರಿನ ಬಕೆಟ್. ಚೆಂಡಿಗೆ ಹೊಳಪು ಕೊಡಿಸಿದ್ದರೆ ಮೊದಲು ಆ ಪಾಲಿಶ್ ತೆಗೆಯಬೇಕು, ಇಲ್ಲದಿದ್ದರೆ ಅದು ರಂಧ್ರಗಳ ಬಾಯಿ ಮುಚ್ಚಿರುತ್ತದೆ. 500 ಗ್ರಿಟ್‌ನ (ಗ್ರಿಟ್ ಎಂದರೆ ಒರಟಿನ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ನುಣುಪು) ಉಜ್ಜುವ ಪ್ಯಾಡನ್ನು ಒದ್ದೆ ಮಾಡಿಕೊಂಡು ಇಡೀ ಚೆಂಡನ್ನು ಒಂದೇ ಸಮನಾಗಿ ಉಜ್ಜಿ. ಆಮೇಲೆ ಬೆರಳಿನ ತೂತುಗಳಿಗೆ ನೀರು ಇಳಿಯದ ಟೇಪನ್ನು ಬಿಗಿಯಾಗಿ ಅಂಟಿಸಿ. ಒಳಗೆ ನೀರು ಹೋದರೆ ಆ ತೂತುಗಳಲ್ಲಿ ಕೂರಿಸಿದ ಒಳತೊಡಿಗೆಗಳ ಅಂಟು ಬಿಡುತ್ತದೆ. ಬಕೆಟ್‌ನಲ್ಲಿ ಚೆಂಡು ಮುಳುಗುವಷ್ಟು ನೀರು, ಅದಕ್ಕೆ ಪಾತ್ರೆ ತೊಳೆಯುವ ಸೋಪಿನ ದ್ರವ ನಾಲ್ಕಾರು ಹನಿ. ನೀರು 50ರಿಂದ 55 ಡಿಗ್ರಿ ಸೆಲ್ಸಿಯಸ್ ಇರಲಿ, 60 ದಾಟಲೇಬಾರದು. ಕೈ ಅದ್ದಿ ಅಂದಾಜು ಮಾಡಬೇಡಿ, ಥರ್ಮಾಮೀಟರ್ ಇಟ್ಟು ನೋಡಿ. ನಿಮ್ಮ ಚೆಂಡಿನ ತಯಾರಕರು ಇದಕ್ಕಿಂತ ಕಡಿಮೆ ಮಿತಿ ಹೇಳಿದ್ದರೆ ಅದನ್ನೇ ಪಾಲಿಸಿ. 12 ಪೌಂಡ್‌ಗಿಂತ ಹಗುರವಾದ ಚೆಂಡು ನೀರಿನಲ್ಲಿ ತೇಲುತ್ತದೆ, ಅದನ್ನು ಆಗಾಗ ತಿರುಗಿಸುತ್ತಿರಬೇಕು.

ಇಪ್ಪತ್ತು ನಿಮಿಷ ಬಿಟ್ಟು ಹೊರತೆಗೆದು ಕೂಡಲೇ ಒರೆಸಿ. ಕೂಡಲೇ ಎಂದದ್ದು ಯಾಕೆಂದರೆ ಚೆಂಡು ತಣಿಯತೊಡಗಿದರೆ ಮೇಲೆ ನಿಂತ ಎಣ್ಣೆ ಮತ್ತೆ ಒಳಗೆ ಹೋಗುತ್ತದೆ. ಈಗ ಬಕೆಟ್‌ನ ನೀರನ್ನು ಓರೆಯಾಗಿ ನೋಡಿ: ಸಾರಿನ ಮೇಲೆ ಒಗ್ಗರಣೆಯ ಎಣ್ಣೆ ತೇಲುವ ಹಾಗೆ ಸಣ್ಣ ಸಣ್ಣ ಕಣ್ಣುಗಳು ಕಾಣುತ್ತವೆ. ಮೊದಲ ಸಲ ನೋಡಿದವರು ಬೆರಗಾಗುತ್ತಾರೆ. ಆ ನೀರು ಚೆಲ್ಲಿ, ಹೊಸ ಬಿಸಿನೀರು ಹಾಕಿ, ಮತ್ತೆ ಇಪ್ಪತ್ತು ನಿಮಿಷ. ಎಣ್ಣೆಯ ಕಣ್ಣುಗಳು ಕಾಣದಾಗುವವರೆಗೆ ಹೀಗೆ ಮಾಡಿ. ತೊಂಬತ್ತು ಆಟ ಆಡಿದ ಚೆಂಡಿಗೆ ಮೂರು ನಾಲ್ಕು ಸುತ್ತು ಬೇಕಾದರೂ ಆಶ್ಚರ್ಯವಿಲ್ಲ. ಬೇಗ ಮುಗಿಯಲಿ ಎಂದು ನೀರಿನ ಬಿಸಿ ಏರಿಸಬೇಡಿ, ಬೇಕಿದ್ದರೆ ಇನ್ನೊಂದು ಸುತ್ತು ಹೆಚ್ಚು ಮಾಡಿ. ಕೊನೆಗೆ ಟೇಪ್ ಕಿತ್ತು, ಚೆಂಡನ್ನು ಕೋಣೆಯಲ್ಲಿ ಒಂದು ದಿನ ತಾನಾಗಿ ಆರಲು ಬಿಡಿ. ತಣ್ಣೀರು ಸುರಿಯುವುದು, ಫ್ಯಾನಿನ ಕೆಳಗೆ ಇಡುವುದು ಬೇಡ.

ಪ್ರಶ್ನೆ: ಬಿಸಿನೀರು, ಬಕೆಟ್ ಎಲ್ಲ ಯಾಕೆ? ಅಸಿಟೋನ್ ಹಚ್ಚಿ ಒರೆಸಿದರೆ ಜಿಡ್ಡೆಲ್ಲ ಒಂದೇ ಸಲಕ್ಕೆ ಹೋಗುವುದಿಲ್ಲವೇ?

ಉತ್ತರ: ಜಿಡ್ಡು ಹೋಗುತ್ತದೆ, ಜೊತೆಗೆ ಕವಚವೂ ಕೆಡುತ್ತದೆ. ಇಂಥ ದ್ರಾವಕಗಳು ಚೆಂಡಿನ ಮೈಯನ್ನು ಮೆತ್ತಗೆ ಮಾಡುತ್ತವೆ ಎಂಬುದಕ್ಕೆ ಬೌಲಿಂಗ್ ಇತಿಹಾಸದಲ್ಲೇ ಸಾಕ್ಷಿ ಇದೆ. 1973ರಲ್ಲಿ ಅಮೆರಿಕದ ವೃತ್ತಿಪರ ಆಟಗಾರ ಡಾನ್ ಮೆಕ್ಯೂನ್ ತಮ್ಮ ಪಾಲಿಯೆಸ್ಟರ್ ಚೆಂಡುಗಳನ್ನು ದ್ರಾವಕದಲ್ಲಿ ನೆನೆಸಿಟ್ಟು ಮೆದುಗೊಳಿಸಿ ಆಡಿದರು. ಲೇನಿನ ಮೇಲೆ ಅವು ಅಪಾರ ಹಿಡಿತ ಕೊಟ್ಟವು. ಅವರು ಆ ವರ್ಷ ಆರು ಪ್ರಶಸ್ತಿ ಗೆದ್ದು ವರ್ಷದ ಆಟಗಾರರಾದರು. ಆಗ ಅದು ನಿಯಮಬಾಹಿರವಾಗಿರಲಿಲ್ಲ. ಚೆಂಡಿನ ಕನಿಷ್ಠ ಗಡಸುತನಕ್ಕೆ ಮಿತಿ ಬಂದದ್ದು ಆ ನಂತರ. ಇಂದು ಹಾಗೆ ಮಾಡಿದರೆ ನಿಮ್ಮ ಚೆಂಡು ಸ್ಪರ್ಧೆಗೆ ಅನರ್ಹವಾಗುತ್ತದೆ. ಬೌಲಿಂಗ್ ಚೆಂಡಿಗೆಂದೇ ತಯಾರಿಸಿದ ಕ್ಲೀನರ್ ಬಳಸಿ. ಅದು ಕೈಗೆ ಸಿಗದಿದ್ದಾಗ ಬಟ್ಟೆಗೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿಕೊಂಡು ಒರೆಸಬಹುದು. ಎರಡೂ ಮೈಮೇಲಿನ ಎಣ್ಣೆಗೆ ಮದ್ದು, ಆಳಕ್ಕಿಳಿದದ್ದಕ್ಕೆ ಬಿಸಿನೀರೇ ಬೇಕು.

ಒಂದು ಎಚ್ಚರಿಕೆ. ಅಮೆರಿಕದಲ್ಲಿ ಬೌಲಿಂಗ್ ನಿಯಮ ರೂಪಿಸುವ ಸಂಸ್ಥೆಯಾದ ಯುನೈಟೆಡ್ ಸ್ಟೇಟ್ಸ್ ಬೌಲಿಂಗ್ ಕಾಂಗ್ರೆಸ್‌ನ ಮಾನ್ಯತೆಯ ಸ್ಪರ್ಧೆಗಳಲ್ಲಿ 2019ರ ಆಗಸ್ಟ್‌ನಿಂದ ಆಟ ನಡೆಯುತ್ತಿರುವಾಗ ಯಾವ ದ್ರವದಿಂದಲೂ ಚೆಂಡು ಒರೆಸುವಂತಿಲ್ಲ, ಒಣ ಬಟ್ಟೆಗಷ್ಟೇ ಅನುಮತಿ. ಕ್ಲೀನರ್ ಬಳಸುವುದಾದರೆ ಆಟಕ್ಕೆ ಮೊದಲು ಅಥವಾ ಆಟ ಮುಗಿದ ಮೇಲೆ.

ಪ್ರಶ್ನೆ: ಉಳಿದ ಒಂದೆರಡು ಪಿನ್ ಬೀಳಿಸಲು ನಾನು ಬಳಸುವುದು ಪ್ಲಾಸ್ಟಿಕ್ ಚೆಂಡು. ಅದಕ್ಕೂ ಬಿಸಿನೀರಿನ ಸ್ನಾನ ಬೇಕೇ?

ಉತ್ತರ: ಬೇಡ. ಪ್ಲಾಸ್ಟಿಕ್ ಚೆಂಡಿನ ಪಾಲಿಯೆಸ್ಟರ್ ಕವಚ ಎಣ್ಣೆ ಹೀರುವುದು ನಗಣ್ಯ. ಒರೆಸಿದರೆ ಸಾಕು.

ಪ್ರಶ್ನೆ: ನೀವು ಹೇಳಿದ ಹಾಗೆಯೇ ಬಿಸಿನೀರಿನಲ್ಲಿಟ್ಟು ಎಣ್ಣೆ ತೆಗೆದೆ. ಈಗ ಚೆಂಡು ಹಿಂದಿಗಿಂತ ಬೇಗ, ಲೇನಿನ ನಡುವಿನಲ್ಲೇ ತಿರುಗಿಬಿಡುತ್ತದೆ. ಏನಾದರೂ ತಪ್ಪಾಯಿತೇ?

ಉತ್ತರ: ತಪ್ಪಾಗಿಲ್ಲ, ಕೆಲಸ ಅರ್ಧಕ್ಕೆ ನಿಂತಿದೆ. ನಿಮ್ಮ ಚೆಂಡಿನ ಮೈ ಈಗ 500 ಗ್ರಿಟ್‌ನ ಒರಟಿನಲ್ಲಿದೆ. ಒರಟು ಮೈ ಲೇನನ್ನು ಬೇಗ ಹಿಡಿಯುತ್ತದೆ, ಪಿನ್‌ಗಳನ್ನು ಮುಟ್ಟುವ ಹೊತ್ತಿಗೆ ಕಸುವು ಕಳೆದುಕೊಂಡಿರುತ್ತದೆ. ಚೆಂಡು ಹೊಸದಾಗಿ ಬಂದಾಗ ಅದರ ಮೈ ಎಷ್ಟು ಗ್ರಿಟ್‌ನದು ಎಂದು ತಯಾರಕರ ವಿವರಣೆಯಲ್ಲಿ ಇರುತ್ತದೆ. 2000 ಎಂದಿದ್ದರೆ 1000, ಆಮೇಲೆ 2000, ಹೀಗೆ ಮೆಟ್ಟಿಲು ಹತ್ತಿದಂತೆ ಹೋಗಿ. ನಡುವಿನದನ್ನು ಹಾರಿಸಿದರೆ ಹಿಂದಿನ ಗೀರುಗಳು ಉಳಿದುಬಿಡುತ್ತವೆ. ಪ್ರತಿ ಪ್ಯಾಡನ್ನೂ ಒದ್ದೆ ಮಾಡಿ, ಚೆಂಡಿನ ನಾಲ್ಕೂ ಬದಿಗಳಿಗೆ ಒಂದೇ ಒತ್ತಡ, ಒಂದೇ ಸಮಯ ಕೊಡಿ. ತಿರುಗಿಸುವ ಯಂತ್ರ ಇದ್ದರೆ ಒಳ್ಳೆಯದು, ಕೈಯಲ್ಲಿ ಉಜ್ಜಿದರೂ ಆಗುತ್ತದೆ. ಎಣ್ಣೆಯ ಬಳೆ ಬೀಳುವ ಜಾಗವನ್ನಷ್ಟೇ ಉಜ್ಜುವ ಚಪಲ ಹಲವರಿಗಿದೆ. ಅದು ನಿಯಮಕ್ಕೂ ವಿರುದ್ಧ, ಚೆಂಡಿನ ಉರುಳಾಟವೂ ಕೆಡುತ್ತದೆ. ಕೊನೆಯ ಪ್ಯಾಡ್ ಮುಗಿದ ಮೇಲೆ ಕ್ಲೀನರ್ ಹಾಕಿ ಒರೆಸಿ, ಉಜ್ಜಿದಾಗ ಎದ್ದ ಸಣ್ಣ ಪುಡಿಯೂ ರಂಧ್ರಗಳಲ್ಲಿ ಕುಳಿತಿರುತ್ತದೆ.