ಪೋಕೆಮಾನ್ ರೆಡ್–ಬ್ಲೂ: ಟೈಪ್ ಲೆಕ್ಕ ಸರಿ ಇದ್ದರೂ ನನ್ನ ಟೀಮ್ ಯಾಕೆ ಸೋಲುತ್ತೆ?

ನೀವು ಕೇಳಿದ್ದು ಇಷ್ಟು: ಭಾನುವಾರ ಜಯನಗರದಲ್ಲಿ ಗೆಳೆಯರೆಲ್ಲ ಸೇರಿ ಶೋಡೌನ್ ಅನ್ನುವ ಆನ್‌ಲೈನ್ ಪೋಕೆಮಾನ್ ಸಿಮ್ಯುಲೇಟರ್‌ನಲ್ಲಿ ಮೊದಲ ಜನರೇಶನ್ (ರೆಡ್–ಬ್ಲೂ ಕಾಲದ ಆಟ) ಆಡುತ್ತೀರಿ. ನಿಮ್ಮ ಟೀಮ್ ಚಾರಿಜಾರ್ಡ್, ಬ್ಲಾಸ್ಟಾಯ್ಸ್, ಡ್ರಾಗನೈಟ್, ಅಲಕಜಾಮ್, ಗೆಂಗಾರ್, ಟಾರಸ್. ಹೊಸ ಆಟಗಳಲ್ಲಿ ಚೆನ್ನಾಗಿ ಗೆಲ್ಲುವ ನೀವು ಇಲ್ಲಿ ಹತ್ತರಲ್ಲಿ ಎಂಟು ಸೋಲುತ್ತೀರಿ, ಏನು ಬದಲಿಸಬೇಕು?

ಚಾರಿಜಾರ್ಡ್, ಬ್ಲಾಸ್ಟಾಯ್ಸ್, ಡ್ರಾಗನೈಟ್ ಮೂರನ್ನೂ ತೆಗೆಯಿರಿ. ಆ ಜಾಗಕ್ಕೆ ಚಾನ್ಸಿ, ಸ್ನೋರ್ಲ್ಯಾಕ್ಸ್, ಎಕ್ಸೆಗ್ಯೂಟರ್ ಬರಲಿ. ಉಳಿದ ಮೂರು ಹಾಗೇ ಇರಲಿ, ನಿಮ್ಮ ಆಯ್ಕೆ ಅರ್ಧ ಸರಿಯಾಗಿಯೇ ಇದೆ. ಆದರೆ ಟೀಮ್ ಬದಲಿಸಿ ಆಡುವ ರೀತಿ ಬದಲಿಸದಿದ್ದರೆ ಹೊಳೆಯಲ್ಲಿ ಹುಣಸೆಹಣ್ಣು ತೇಯ್ದಂತೆ ಆಗುತ್ತೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಮೊದಲು, ಆ ಮೂರು ಯಾಕೆ ಬೇಡ ಅನ್ನುವುದು. ಈ ಜನರೇಶನ್‌ನಲ್ಲಿ ಬ್ಲಿಜರ್ಡ್ ಮೂವ್‌ಗೆ ಪವರ್ 120, ಗುರಿ ತಾಗುವ ಸಾಧ್ಯತೆ ಶೇ. 90. ಸ್ಟಾರ್ಮಿ, ಟಾರಸ್, ಜಿಂಕ್ಸ್, ಲ್ಯಾಪ್ರಾಸ್ ಹೀಗೆ ಎದುರಾಳಿಯ ಕಡೆ ಯಾರಾದರೊಬ್ಬರ ಹತ್ತಿರ ಅದು ಇದ್ದೇ ಇರುತ್ತೆ. ಡ್ರಾಗನೈಟ್‌ಗೆ ಐಸ್ ಏಟು ನಾಲ್ಕು ಪಟ್ಟು. ಹೊಸ ಆಟಗಳಲ್ಲಿ ಫೈರ್ ಟೈಪ್ ಐಸ್ ಏಟನ್ನು ತಡೆಯುತ್ತೆ, ಇಲ್ಲಿ ತಡೆಯುವುದಿಲ್ಲ. ಹಾಗಾಗಿ ಹಾರುವ ಚಾರಿಜಾರ್ಡ್‌ಗೂ ಬ್ಲಿಜರ್ಡ್ ಎರಡು ಪಟ್ಟು ಬೀಳುತ್ತೆ, ರಾಕ್ ಸ್ಲೈಡ್ ನಾಲ್ಕು ಪಟ್ಟು. ಬ್ಲಾಸ್ಟಾಯ್ಸ್ ಕೆಟ್ಟದ್ದಲ್ಲ, ಆದರೆ ಅದು ಮಾಡುವ ಕೆಲಸವನ್ನು ಸ್ಟಾರ್ಮಿ ಹೆಚ್ಚು ವೇಗದಲ್ಲಿ, ಹೆಚ್ಚು ಸ್ಪೆಷಲ್ ಇಟ್ಟುಕೊಂಡು, ಮೇಲೆ ಗಾಯ ಮಾಯಿಸುವ ರಿಕವರ್ ಕೂಡ ಸೇರಿಸಿ ಮಾಡುತ್ತೆ.

ಇನ್ನು ಈ ಆಟದ ಒಳಗುಟ್ಟು. ಇಲ್ಲಿ ಎಬಿಲಿಟಿ ಇಲ್ಲ, ಕೈಯಲ್ಲಿ ಹಿಡಿಯುವ ಐಟಂ ಇಲ್ಲ, ನೇಚರ್ ಇಲ್ಲ. ಸ್ಪೆಷಲ್ ಅನ್ನುವುದು ಒಂದೇ ಸ್ಟ್ಯಾಟ್, ಹೊಡೆಯುವುದಕ್ಕೂ ತಡೆಯುವುದಕ್ಕೂ ಅದೇ. ಎಲ್ಲ ಸ್ಟ್ಯಾಟ್‌ಗಳನ್ನೂ ಒಟ್ಟಿಗೆ ಗರಿಷ್ಠ ಮಾಡಬಹುದು, ಆದ್ದರಿಂದ ಎಲ್ಲರ ಟಾರಸ್‌ಗೂ ವೇಗ 318, ಎಚ್‌ಪಿ (ಪ್ರಾಣಬಲ) 353. ಕ್ರಿಟ್ (ಅದೃಷ್ಟದಿಂದ ಬೀಳುವ ಜೋರು ಏಟು) ಬೀಳುವ ಸಾಧ್ಯತೆ ಬೇಸ್ ಸ್ಪೀಡ್ (ಆ ಜಾತಿಯ ಮೂಲ ವೇಗದ ಅಂಕಿ) ಮೇಲೆ ನಿಂತಿದೆ: ಬೇಸ್ ಸ್ಪೀಡನ್ನು 512ರಿಂದ ಭಾಗಿಸಿದರೆ ಉತ್ತರ ಸಿಗುತ್ತೆ. 110 ಇರುವ ಟಾರಸ್‌ಗೆ ಸುಮಾರು ಶೇ. 21, 30 ಇರುವ ಸ್ನೋರ್ಲ್ಯಾಕ್ಸ್‌ಗೆ ಶೇ. 6ಕ್ಕೂ ಕಡಿಮೆ. ಕ್ರಿಟ್ ಬಿದ್ದರೆ ಎದುರಾಳಿಯ ರಿಫ್ಲೆಕ್ಟ್ (ದೈಹಿಕ ಏಟನ್ನು ಅರ್ಧಕ್ಕಿಳಿಸುವ ಮೂವ್) ಲೆಕ್ಕಕ್ಕಿಲ್ಲ, ಏಟು ಹೆಚ್ಚುಕಡಿಮೆ ಎರಡರಷ್ಟು.

ಹೀಗೆ ಎಲ್ಲರ ಕೈಯಲ್ಲೂ ಒಂದೇ ಸರಕು ಇರುವಾಗ ಗೆಲುವು ಸೋಲು ತೀರ್ಮಾನವಾಗುವುದು ಸ್ಟೇಟಸ್‌ನಲ್ಲಿ. ಯಾವ ಪೋಕೆಮಾನ್ ನಿದ್ದೆಗೆ ಹೋಗಬೇಕು, ಯಾವುದು ಪ್ಯಾರಲೈಸ್ ಆಗಬೇಕು, ಯಾವುದು ಕೊನೆಯವರೆಗೂ ಏನೂ ಅಂಟಿಸಿಕೊಳ್ಳದೆ ಉಳಿಯಬೇಕು, ಇದನ್ನು ಯಾರು ನಿರ್ಧರಿಸುತ್ತಾರೋ ಅವರದ್ದೇ ಆಟ. ಮೆಜೆಸ್ಟಿಕ್‌ನಲ್ಲಿ ಬಸ್ಸು ನಿಲ್ಲುವ ಮುಂಚೆಯೇ ಕಿಟಕಿಯಿಂದ ಕರ್ಚೀಫ್ ಎಸೆದು ಸೀಟು ಹಿಡಿಯುತ್ತಾರಲ್ಲ, ಸ್ಟೇಟಸ್ ಕೂಡ ಹಾಗೇ. ಒಂದು ಪೋಕೆಮಾನ್‌ಗೆ ಒಂದೇ ಸೀಟು. ಅಲ್ಲಿ ಪ್ಯಾರಲಿಸಿಸ್ ಕರ್ಚೀಫ್ ಬಿದ್ದಿದ್ದರೆ ನಿದ್ದೆಯೂ ಫ್ರೀಜೂ ಕೂರಲು ಜಾಗವಿಲ್ಲ.

ಇದು ಎರಡೂ ಕಡೆ ಕೆಲಸ ಮಾಡುತ್ತೆ. ಫ್ರೀಜ್ ಆದರೆ ತಾನಾಗಿ ಕರಗುವುದೇ ಇಲ್ಲ. ಎದುರಾಳಿ ಫೈರ್ ಮೂವ್ ಹೊಡೆಯಬೇಕು, ಇಲ್ಲವೇ ಹೇಜ್ ಹಾಕಬೇಕು. ಎರಡನ್ನೂ ಯಾರೂ ನಿಮ್ಮ ಉಪಕಾರಕ್ಕೆ ಮಾಡುವುದಿಲ್ಲ. ಅಂದರೆ ಐಸ್ ಬೀಮ್‌ನ ಆ ಶೇ. 10 ಸಾಧ್ಯತೆ ಒಂದು ಪೋಕೆಮಾನ್ ಸತ್ತದ್ದಕ್ಕೆ ಸಮ. ಪ್ಯಾರಲೈಸ್ ಆಗಿರುವ ಚಾನ್ಸಿಗೆ ಆ ಭಯ ಇಲ್ಲ. ಅದಕ್ಕೇ ಎದುರಾಳಿ ಥಂಡರ್ ವೇವ್ (ಪ್ಯಾರಲೈಸ್ ಮಾಡುವ ಮೂವ್) ಹಾಕುತ್ತಾನೆ ಅನ್ನಿಸಿದಾಗ ಚಾನ್ಸಿಯನ್ನು ಬೇಕೆಂದೇ ಒಳಗೆ ತನ್ನಿ. ಪ್ಯಾರಲೈಸ್ ಆದವರ ವೇಗ ಕಾಲು ಭಾಗಕ್ಕೆ ಇಳಿಯುತ್ತೆ, ನಾಲ್ಕರಲ್ಲಿ ಒಂದು ಟರ್ನ್ ಕೈ ಕಟ್ಟಿ ಕೂರಬೇಕಾಗುತ್ತೆ. ಹೇಗೂ ನಿಧಾನದ ಚಾನ್ಸಿ ಅದನ್ನು ತಡೆದುಕೊಳ್ಳುತ್ತೆ, ಟಾರಸ್ ತಡೆದುಕೊಳ್ಳುವುದಿಲ್ಲ.

ಇನ್ನೊಂದು ಕಡೆ ನೋಡಿ. ಎದುರಾಳಿಯ ಆರಕ್ಕೆ ಆರನ್ನೂ ಪ್ಯಾರಲೈಸ್ ಮಾಡಿಬಿಟ್ಟರೆ ನಿದ್ದೆ ಹಿಡಿಸುವ ನಿಮ್ಮ ಸ್ಲೀಪ್ ಪೌಡರ್ ಕಸ. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ, ಕಂಡಕಂಡಲ್ಲಿ ಥಂಡರ್ ವೇವ್. ನಿದ್ದೆಯನ್ನು ಮೊದಲು ಖರ್ಚು ಮಾಡಿ, ಪ್ಯಾರಲಿಸಿಸ್ ಆಮೇಲೆ. ಸ್ಲೀಪ್ ಕ್ಲಾಸ್ (Sleep Clause) ಅನ್ನುವ ನಿಯಮದ ಪ್ರಕಾರ ಒಂದು ಹೊತ್ತಿಗೆ ಎದುರಾಳಿಯ ಒಬ್ಬರನ್ನು ಮಾತ್ರ ನಿದ್ದೆಗೆ ಕಳಿಸಬಹುದು, ಹಾಗಾಗಿ ಆ ಒಂದು ಅವಕಾಶ ತುಂಬ ಬೆಲೆಯದ್ದು. ಇಲ್ಲಿ ನಿದ್ದೆ 1ರಿಂದ 7 ಟರ್ನ್ ಇರುತ್ತೆ, ಎದ್ದ ಟರ್ನ್‌ನಲ್ಲೂ ಏನೂ ಮಾಡುವ ಹಾಗಿಲ್ಲ. ಸ್ವಿಚ್ ಮಾಡಿ ಹೊರಗೆ ಕೂರಿಸಿದರೆ ಎಣಿಕೆ ಅಲ್ಲೇ ನಿಂತಿರುತ್ತೆ.

ಹಾಗಾದರೆ ಟೀಮ್ ಹೀಗಿರಲಿ.

ಮೊದಲು ಇಳಿಯುವುದು ಅಲಕಜಾಮ್: ಸೈಕಿಕ್, ಸೈಸ್ಮಿಕ್ ಟಾಸ್, ಥಂಡರ್ ವೇವ್, ರಿಕವರ್. ವೇಗ 338. ಎದುರಿಗೆ ಸ್ಟಾರ್ಮಿ 328, ಗೆಂಗಾರ್ 318, ಜಿಂಕ್ಸ್ 288 ಯಾರೇ ಬರಲಿ, ಮೊದಲ ಏಟು ನಿಮ್ಮದು. ಜಿಂಕ್ಸ್ ಬಂದರೆ ಥಂಡರ್ ವೇವ್ ಹಾಕಿ. ನಿದ್ದೆ ಹಿಡಿಸುವ ಅದರ ಲವ್ಲಿ ಕಿಸ್ ತಾಗುವ ಸಾಧ್ಯತೆ ಇರುವುದೇ ಶೇ. 75, ಅದರಲ್ಲಿ ಕಾಲು ಭಾಗ ಪ್ಯಾರಲಿಸಿಸ್ ತಿನ್ನುತ್ತೆ. ಆದರೂ ಅಲಕಜಾಮ್ ಮಲಗಿದರೆ ಗಾಬರಿ ಬೇಡ. ಎದುರಾಳಿಯ ಸ್ಲೀಪ್ ಮುಗಿಯಿತು, ಉಳಿದ ಐವರೂ ಇನ್ನು ನಿದ್ದೆಯ ಭಯವಿಲ್ಲದೆ ಓಡಾಡಬಹುದು. ಮಲಗಿದ ಅಲಕಜಾಮನ್ನು ಹಾಗೇ ಇಟ್ಟುಕೊಳ್ಳಿ, ಎದುರಾಳಿ ಎಕ್ಸ್‌ಪ್ಲೋಶನ್ (ತಾನೂ ಸತ್ತು ಭಾರಿ ಏಟು ಕೊಡುವ ಸ್ಫೋಟ) ಮಾಡುವ ಸೂಚನೆ ಕಂಡಾಗ ಏಟು ತಿನ್ನಲು ಅದನ್ನೇ ಮುಂದೆ ಬಿಡಬಹುದು.

ಎಕ್ಸೆಗ್ಯೂಟರ್‌ಗೆ ಸ್ಲೀಪ್ ಪೌಡರ್, ಸ್ಟನ್ ಸ್ಪೋರ್ (ಇದೂ ಪ್ಯಾರಲೈಸ್ ಮಾಡುವ ಮೂವ್), ಸೈಕಿಕ್, ಎಕ್ಸ್‌ಪ್ಲೋಶನ್. ಮೊದಲು ಪೌಡರ್, ಯಾರಾದರೂ ಮಲಗಿದ ಮೇಲೆ ಸ್ಪೋರ್, ಕೊನೆಗೆ ಸ್ಫೋಟ. ಇಲ್ಲಿ ಎಕ್ಸ್‌ಪ್ಲೋಶನ್ ಎದುರಾಳಿಯ ಡಿಫೆನ್ಸನ್ನು ಅರ್ಧಕ್ಕೆ ಇಳಿಸಿ ಲೆಕ್ಕ ಹಾಕುತ್ತೆ, ಅಂದರೆ 170ರ ಪವರ್ 340ರ ಕೆಲಸ ಮಾಡುತ್ತೆ. ಒಂದೇ ಎಚ್ಚರಿಕೆ: ಎದುರಾಳಿಯ ಬಳಿ ಗೆಂಗಾರ್ ಇದ್ದರೆ ಅದಕ್ಕೆ ತಾಗುವುದೇ ಇಲ್ಲ, ರೈಡಾನ್ ಇದ್ದರೆ ಅರ್ಧ. ಟೀಮ್ ಮುಂಚೆಯೇ ತೋರಿಸುವ ವ್ಯವಸ್ಥೆ ಈ ಜನರೇಶನ್‌ನಲ್ಲಿ ಇಲ್ಲ. ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಂಡು ಕಂಡವರ ಹೆಸರು, ಅವರ ಸ್ಟೇಟಸ್, ಅವರು ತೋರಿಸಿದ ಮೂವ್‌ಗಳನ್ನು ಬರೆಯುತ್ತಾ ಹೋಗಿ. ಆರೂ ಹೆಸರು ಬೀಳುವ ಮುಂಚೆ ಸ್ಫೋಟ ಮಾಡಿದರೆ ಅದು ಜೂಜು.

ಗೆಂಗಾರ್‌ಗೆ ಹಿಪ್ನಾಸಿಸ್, ಥಂಡರ್‌ಬೋಲ್ಟ್, ನೈಟ್ ಶೇಡ್, ಎಕ್ಸ್‌ಪ್ಲೋಶನ್ ಸಾಕು. ಬಾಡಿ ಸ್ಲ್ಯಾಮ್, ಹೈಪರ್ ಬೀಮ್, ಸ್ಫೋಟ ಯಾವುದೂ ಅದಕ್ಕೆ ತಾಗುವುದಿಲ್ಲ. ಆದರೆ ನೆಲದ ಏಟು ತಪ್ಪಿಸುವ ಲೆವಿಟೇಟ್ ಎಬಿಲಿಟಿ ಇನ್ನೂ ಹುಟ್ಟಿರಲಿಲ್ಲ, ಅರ್ತ್‌ಕ್ವೇಕ್ ಎರಡು ಪಟ್ಟು ಬೀಳುತ್ತೆ. ಇದನ್ನು ಮರೆತು ಟಾರಸ್ ಎದುರು ಇಳಿಸಬೇಡಿ.

ಚಾನ್ಸಿಗೆ ಐಸ್ ಬೀಮ್, ಥಂಡರ್ ವೇವ್, ಸಾಫ್ಟ್‌ಬಾಯಿಲ್ಡ್ ಮೂರೂ ಬೇಕೇ ಬೇಕು. ನಾಲ್ಕನೆಯದಕ್ಕೆ ಹೆಚ್ಚಿನವರು ಥಂಡರ್‌ಬೋಲ್ಟ್ ಇಡುತ್ತಾರೆ. ನಿಮಗೆ ನಾನು ಕೌಂಟರ್ ಹೇಳುತ್ತೇನೆ. ಯಾಕೆ ಅಂತ ಅಂಕಿಯಲ್ಲೇ ನೋಡಿ. ಸ್ನೋರ್ಲ್ಯಾಕ್ಸ್‌ನ ಬಾಡಿ ಸ್ಲ್ಯಾಮ್ ಕ್ರಿಟ್ ಇಲ್ಲದೆ ಚಾನ್ಸಿಗೆ ಬಿದ್ದರೆ 268ರಿಂದ 315 ಎಚ್‌ಪಿ ಹೋಗುತ್ತೆ. ಚಾನ್ಸಿಯ ಒಟ್ಟು ಎಚ್‌ಪಿ 703, ಆರಾಮಾಗಿ ಉಳಿಯುತ್ತೆ. ಕೌಂಟರ್ ಅದರ ಎರಡರಷ್ಟನ್ನು ವಾಪಸ್ ಕೊಡುತ್ತೆ: ಕಡಿಮೆ ಅಂದರೂ 536. ಸ್ನೋರ್ಲ್ಯಾಕ್ಸ್‌ನ ಪೂರ್ತಿ ಎಚ್‌ಪಿಯೇ 523. ಒಂದೇ ಏಟಿಗೆ ಮುಗಿಯಿತು. ಟಾರಸ್ ಹೊಡೆದರೂ ಇದೇ ಗತಿ, ಅದರ ಬಾಡಿ ಸ್ಲ್ಯಾಮ್ 251ರಿಂದ 295, ವಾಪಸ್ ಕಡಿಮೆ ಅಂದರೂ 502. ಕೌಂಟರ್ ಕೆಲಸ ಮಾಡುವುದು ನಾರ್ಮಲ್ ಮತ್ತು ಫೈಟಿಂಗ್ ಮೂವ್‌ಗಳ ಮೇಲೆ ಮಾತ್ರ. ಒಮ್ಮೆ ತೋರಿಸಿದ ಮೇಲೆ ಎದುರಾಳಿ ಹುಷಾರಾಗುತ್ತಾನೆ, ಆದ್ದರಿಂದ ಮೊದಲ ಸಲವೇ ಸ್ನೋರ್ಲ್ಯಾಕ್ಸ್ ಅಥವಾ ಟಾರಸ್‌ಗೆ ಬೀಳಬೇಕು.

ಸ್ನೋರ್ಲ್ಯಾಕ್ಸ್‌ಗೆ ಬಾಡಿ ಸ್ಲ್ಯಾಮ್, ರಿಫ್ಲೆಕ್ಟ್, ರೆಸ್ಟ್, ಐಸ್ ಬೀಮ್. ಇಲ್ಲಿ ರಿಫ್ಲೆಕ್ಟ್ ಐದು ಟರ್ನ್‌ಗೆ ಮುಗಿಯುವುದಿಲ್ಲ, ನೀವು ಸ್ವಿಚ್ ಮಾಡುವವರೆಗೂ ಇರುತ್ತೆ. ಬಾಡಿ ಸ್ಲ್ಯಾಮ್‌ಗೆ ಶೇ. 30 ಪ್ಯಾರಲಿಸಿಸ್ ಸಾಧ್ಯತೆ ಇದೆ, ಆದರೆ ನಾರ್ಮಲ್ ಟೈಪ್‌ನವರ ಮೇಲೆ ಅದು ನಡೆಯುವುದಿಲ್ಲ. ಅಂದರೆ ಎದುರಾಳಿಯ ಟಾರಸ್, ಚಾನ್ಸಿ, ಸ್ನೋರ್ಲ್ಯಾಕ್ಸ್‌ಗೆ ಪ್ಯಾರಲಿಸಿಸ್ ಬೇಕಾದರೆ ಥಂಡರ್ ವೇವ್ ಅಥವಾ ಸ್ಪೋರ್ ದಾರಿಯೇ ಗತಿ.

ಕೊನೆಗೆ ಟಾರಸ್: ಬಾಡಿ ಸ್ಲ್ಯಾಮ್, ಹೈಪರ್ ಬೀಮ್, ಬ್ಲಿಜರ್ಡ್, ಅರ್ತ್‌ಕ್ವೇಕ್. ಇದಕ್ಕೆ ಪರ್ಯಾಯ ಸೆಟ್ ಹುಡುಕುತ್ತಾ ಹೊತ್ತು ಕಳೆಯಬೇಡಿ. ಟಾರಸ್ ಆಟ ಮುಗಿಸುವವನು, ಶುರು ಮಾಡುವವನಲ್ಲ. ಥಂಡರ್ ವೇವ್ ಇರುವವರ ಮುಂದೆ ಅದನ್ನು ಸುಮ್ಮನೆ ಇಳಿಸಿದರೆ ಅರ್ಧ ಆಟ ಅಲ್ಲೇ ಹೋಯಿತು. ಎದುರಾಳಿಯ ಸ್ಟಾರ್ಮಿ, ಅಲಕಜಾಮ್ ಪ್ಯಾರಲೈಸ್ ಆಗಲಿ, 328ರ ಸ್ಟಾರ್ಮಿ 82ಕ್ಕೆ ಇಳಿಯಲಿ, ಆಮೇಲೆ ಬಿಡಿ.

ಹೈಪರ್ ಬೀಮ್ ವಿಷಯದಲ್ಲಿ ಶಿಸ್ತು ಬೇಕು. ಅದರಿಂದ ಎದುರಾಳಿ ಸತ್ತರೆ ಮುಂದಿನ ಟರ್ನ್ ಸುಧಾರಿಸಿಕೊಳ್ಳುವ ಅಗತ್ಯವೇ ಇಲ್ಲ, ಸಾಯದಿದ್ದರೆ ಒಂದು ಟರ್ನ್ ದಂಡ. ಆದ್ದರಿಂದ ಸಾಯುವುದು ಖಚಿತ ಇದ್ದಾಗ ಮಾತ್ರ ಒತ್ತಿ. ಶೋಡೌನ್ ಎದುರಾಳಿಯ ಎಚ್‌ಪಿಯನ್ನು ಶೇಕಡಾದಲ್ಲಿ ತೋರಿಸುತ್ತೆ, ಅದಕ್ಕೆ ತಕ್ಕ ಹಾಗೆ ನೆನಪಿಡಿ: ಟಾರಸ್‌ನ ಹೈಪರ್ ಬೀಮ್ ತಾಗಿದರೆ ಚಾನ್ಸಿ ಶೇ. 62, ಸ್ಟಾರ್ಮಿ 55, ಎದುರಾಳಿ ಟಾರಸ್ 47, ಎಕ್ಸೆಗ್ಯೂಟರ್ 45, ಸ್ನೋರ್ಲ್ಯಾಕ್ಸ್ 40, ಇಷ್ಟು ಅಥವಾ ಇದಕ್ಕಿಂತ ಕಡಿಮೆ ಇದ್ದರೆ ಉಳಿಯುವುದಿಲ್ಲ. ರಿಫ್ಲೆಕ್ಟ್ ಹಾಕಿದ್ದರೆ ಈ ಲೆಕ್ಕ ಇಲ್ಲ. ಟಾರಸ್ ಎದುರು ಟಾರಸ್ ನಿಂತರೆ ಎರಡು ಬಾಡಿ ಸ್ಲ್ಯಾಮ್, ಆಮೇಲೆ ಒಂದು ಹೈಪರ್ ಬೀಮ್: ಕನಿಷ್ಠ 95, 95, 166, ಒಟ್ಟು 356. ಅದರ ಎಚ್‌ಪಿ 353. ಮೂರೇ ಅಂಕಿಯ ಅಂತರದಲ್ಲಿ ಖಚಿತ. ಮೊದಲೇ ಆತುರಪಟ್ಟು ಹೈಪರ್ ಬೀಮ್ ಹೊಡೆದವರು ಸುಧಾರಿಸಿಕೊಳ್ಳುವ ಟರ್ನ್‌ನಲ್ಲಿ ಏಟು ತಿನ್ನುತ್ತಾರೆ. ಇಬ್ಬರ ವೇಗವೂ ಒಂದೇ ಇದ್ದರೆ ಯಾರು ಮೊದಲು ಅನ್ನುವುದು ನಾಣ್ಯ ಚಿಮ್ಮಿದ ಹಾಗೆ, ಅದಕ್ಕೇ ಎದುರಾಳಿಯ ಟಾರಸ್‌ಗೆ ಚಾನ್ಸಿಯಿಂದ ಥಂಡರ್ ವೇವ್ ಬೀಳಿಸಿಟ್ಟಿರುವುದು ಒಳ್ಳೆಯದು.

ಒಂದು ದೋಷದ ಬಗ್ಗೆ ಹೇಳಲೇಬೇಕು, ಗೊತ್ತಿಲ್ಲದೆ ಎಷ್ಟೋ ಆಟ ಕೈಬಿಟ್ಟು ಹೋಗುತ್ತವೆ. ಎಚ್‌ಪಿ ತುಂಬಿಸುವ ರಿಕವರ್, ಸಾಫ್ಟ್‌ಬಾಯಿಲ್ಡ್, ರೆಸ್ಟ್ ಮೂರೂ ನಿಮ್ಮ ಎಚ್‌ಪಿ ಗರಿಷ್ಠಕ್ಕಿಂತ ಸರಿಯಾಗಿ 255 ಅಥವಾ 511 ಕಡಿಮೆ ಇದ್ದಾಗ ಕೆಲಸ ಮಾಡುವುದಿಲ್ಲ. ಮೂಲ ಕಾರ್ಟ್ರಿಜ್‌ನಲ್ಲೇ ಇರುವ ತಪ್ಪು, ಶೋಡೌನ್ ಅದನ್ನು ಹಾಗೇ ಉಳಿಸಿಕೊಂಡಿದೆ. ನಿಮ್ಮ ಟೀಮ್‌ಗೆ ಲೆಕ್ಕ ಹಾಕಿದರೆ ಚಾನ್ಸಿಗೆ 448 ಮತ್ತು 192, ಅಲಕಜಾಮ್‌ಗೆ 58, ಸ್ನೋರ್ಲ್ಯಾಕ್ಸ್‌ಗೆ 268 ಮತ್ತು 12. ಎಚ್‌ಪಿ ಈ ಅಂಕಿಯಲ್ಲಿ ನಿಂತಿದ್ದರೆ ಆ ಟರ್ನ್ ಬೇರೆ ಏನಾದರೂ ಮಾಡಿ. ಸೈಸ್ಮಿಕ್ ಟಾಸ್, ನೈಟ್ ಶೇಡ್ ತಲಾ ನೂರೇ ಕಳೆಯುವುದರಿಂದ ಅವುಗಳ ಎದುರು ಮುಂದಿನ ಅಂಕಿ ಮೊದಲೇ ಗೊತ್ತಾಗಿಬಿಡುತ್ತೆ. ಹಾಗೆಯೇ ಶೇ. 100 ಅಂತ ಬರೆದಿರುವ ಮೂವ್ ಕೂಡ 256ರಲ್ಲಿ ಒಂದು ಸಲ ತಪ್ಪುತ್ತೆ, ಅದಕ್ಕೆ ಮದ್ದಿಲ್ಲ.

ಡ್ರಾಗನೈಟ್ ಬಿಡಲು ಮನಸ್ಸಿಲ್ಲದಿದ್ದರೆ ಅದಕ್ಕೂ ಒಂದು ದಾರಿ ಇದೆ: ವೇಗ ಏರಿಸುವ ಅಜಿಲಿಟಿ, ಆಮೇಲೆ ರ್‍ಯಾಪ್. ರ್‍ಯಾಪ್ ಹಿಡಿದಿರುವ 2ರಿಂದ 5 ಟರ್ನ್ ಎದುರಾಳಿ ಮೂವ್ ಮಾಡುವ ಹಾಗಿಲ್ಲ, ಸ್ವಿಚ್ ಮಾತ್ರ ಮಾಡಬಹುದು. ಪ್ಯಾರಲೈಸ್ ಆಗಿದ್ದರೂ ಅಜಿಲಿಟಿ ಆ ವೇಗದ ಇಳಿತವನ್ನು ಅಳಿಸಿಹಾಕುತ್ತೆ. ಆದರೆ ರ್‍ಯಾಪ್ ಶೇ. 15 ತಪ್ಪುತ್ತೆ, ಆ ಒಂದು ತಪ್ಪಿಗೆ ಬ್ಲಿಜರ್ಡ್ ಕಾದು ಕೂತಿರುತ್ತೆ. ಕಲಿಯುವ ಹಂತದಲ್ಲಿ ನಾನು ಇದನ್ನು ಸಲಹೆ ಮಾಡುವುದಿಲ್ಲ.

ನಿಮ್ಮ ಗುಂಪು ಮುಂದೆ ಶೋಡೌನ್ ಬಿಟ್ಟು ಹಳೆಯ ಗೇಮ್ ಬಾಯ್‌ಗಳನ್ನು ಕೇಬಲ್‌ನಲ್ಲಿ ಜೋಡಿಸಿ ಆಡುವುದಾದರೆ, ಸ್ಲೀಪ್ ಕ್ಲಾಸ್, ಫ್ರೀಜ್ ಕ್ಲಾಸ್ (ಫ್ರೀಜ್‌ಗೆ ಇರುವ ಅಂಥದ್ದೇ ನಿಯಮ) ಯಾವುದನ್ನೂ ಆಟ ತಾನಾಗಿ ಜಾರಿ ಮಾಡುವುದಿಲ್ಲ, ಮೊದಲೇ ಕೂತು ಮಾತಾಡಿಕೊಳ್ಳಿ. ಮ್ಯೂ, ಮ್ಯೂಟು ಬೇಡ ಅನ್ನುವುದನ್ನೂ ಸೇರಿಸಿ. ಯಾರಾದರೂ ಪೋಕೆಮಾನ್ ಸ್ಟೇಡಿಯಂನಲ್ಲಿ ಆಡೋಣ ಅಂದರೆ ಮೇಲಿನ ಹೈಪರ್ ಬೀಮ್ ಲೆಕ್ಕವನ್ನು ಬದಿಗಿಡಿ. ಅಲ್ಲಿ ಎದುರಾಳಿ ಸತ್ತರೂ ಟಾರಸ್ ಒಂದು ಟರ್ನ್ ಸುಧಾರಿಸಿಕೊಳ್ಳಲೇಬೇಕು, ಕ್ರಿಟ್ ಲೆಕ್ಕವೂ ಬೇರೆ.