ಅಗ್ಗದ ಪ್ಲೈವುಡ್ ಎಲ್ಲಿ ಸಿಗುತ್ತೆ, ಸಾರ್?

ಪ್ರಶ್ನೆ: ನಮಸ್ಕಾರ ಸಾರ್. ನಾನು, ನನ್ನ ತಮ್ಮ ಸೇರಿ ಚಿಕ್ಕದಾಗಿ ಪೀಠೋಪಕರಣ ಮಾಡುವ ಕೆಲಸ ಶುರು ಮಾಡಿದ್ದೇವೆ. ಪುಸ್ತಕದ ಕಪಾಟು, ಓದುವ ಮೇಜು, ಚಪ್ಪಲಿ ಸ್ಟ್ಯಾಂಡು ಇಂಥವು. ಕೆಲಸ ಬರುತ್ತಿದೆ, ದುಡ್ಡು ಉಳಿಯುತ್ತಿಲ್ಲ. ಬಂದದ್ದೆಲ್ಲ ಪ್ಲೈವುಡ್ಡಿಗೇ ಹೋಗುತ್ತದೆ. ಆರ್ಡರ್ ಬಂದಾಗ ಎರಡು ಮೂರು ಹಾಳೆ ಅಂಗಡಿಯಿಂದ ತರುತ್ತೇವೆ. ಕಡಿಮೆ ರೇಟಿನದು ತಂದರೆ ಒಳಗೆಲ್ಲ ಪೊಳ್ಳು. ಒಳ್ಳೆಯದು ತಂದರೆ ನಮಗೇನೂ ಗಿಟ್ಟುವುದಿಲ್ಲ. ಅಗ್ಗವೂ ಆಗಬೇಕು, ಕೆಲಸಕ್ಕೂ ಬರಬೇಕು. ಅಂಥ ಪ್ಲೈವುಡ್ ಎಲ್ಲಿ, ಹೇಗೆ ಹಿಡಿಯುವುದು?

ಉತ್ತರ: ಎಲ್ಲಿ ಅನ್ನೋದಕ್ಕೆ ಆಮೇಲೆ ಬರುತ್ತೇನೆ. ಮೊದಲು ನಿಮ್ಮ ಕಪಾಟಿನ ಆಳ ಎಷ್ಟು ಅಂತ ಅಳೆದು ನೋಡಿ. ಪತ್ರದಲ್ಲಿ ರೇಟಿನ ಮಾತು ಬಂದಿದೆ, ಅಳತೆಯ ಮಾತೇ ಇಲ್ಲ. ನನಗೆ ಅಲ್ಲೇ ಅನುಮಾನ.

ಮಾಮೂಲಿ ಹಾಳೆ ಎಂಟಡಿ ಉದ್ದ, ನಾಲ್ಕಡಿ ಅಗಲ. ಮಿಲಿಮೀಟರಿನಲ್ಲಿ 2440 ಇಂಟು 1220. ನಿಮ್ಮ ಕಪಾಟಿನ ಆಳ 300 ಎಂಎಂ ಅಂತಿಟ್ಟುಕೊಳ್ಳಿ. ಹಾಳೆಯನ್ನು ಉದ್ದುದ್ದ ಸೀಳಿದರೆ ನಾಲ್ಕು ಪಟ್ಟಿ ಬರುತ್ತದೆ. ನಾಲ್ಕು ಮುನ್ನೂರು 1200. ಗರಗಸ ಒಂದೊಂದು ಸಲ ಸುಮಾರು 3 ಎಂಎಂ ತಿನ್ನುತ್ತದೆ, ಮೂರು ಸೀಳಿಗೆ 9. ಒಟ್ಟು 1209. ಉಳಿದ 11 ಎಂಎಂ ಅಂಚು ಸವರುವುದಕ್ಕಾಯಿತು.

ಈಗ ಯಾರೋ ಗಿರಾಕಿ ಬಂದು, ‘ಸ್ವಲ್ಪ ಆಳ ಇರಲಿ’ ಅಂದರು, ನೀವು 310 ಮಾಡಿದಿರಿ. ನಾಲ್ಕು ಪಟ್ಟಿ ಕೂರುವುದೇ ಇಲ್ಲ. ಮೂರೇ ಪಟ್ಟಿ. ಪಕ್ಕದಲ್ಲಿ 281 ಎಂಎಂ ಅಗಲದ ಪಟ್ಟಿ ಉಳಿಯುತ್ತದೆ. ಅದು ಗೋಡೆಗೆ ಒರಗಿ ಕೂರುತ್ತದೆ. ಮುಂದಿನ ವಾರ ಇನ್ನೊಂದು ಬಂದು ಅದರ ಪಕ್ಕ ಕೂರುತ್ತದೆ.

ಲೆಕ್ಕ ಪೂರ್ತಿ ಮಾಡೋಣ. 1800 ಎತ್ತರದ ಎರಡು ಪಕ್ಕ, 600 ಉದ್ದದ ಆರು ಅಡ್ಡಹಲಗೆ ಇರುವ ಕಪಾಟು. ಒಂದು ಪಟ್ಟಿಯಲ್ಲಿ ಒಂದು ಪಕ್ಕ, ಒಂದು ಅಡ್ಡಹಲಗೆ ಬರುತ್ತದೆ. ಅಂಥ ಎರಡು ಪಟ್ಟಿ. ಮೂರನೆಯ ಪಟ್ಟಿಯಲ್ಲಿ ಉಳಿದ ನಾಲ್ಕು ಅಡ್ಡಹಲಗೆ. ಅಂದರೆ ಕಪಾಟಿಗೆ ಮೂರು ಪಟ್ಟಿ. ಆಳ 300 ಇದ್ದರೆ ಮೂರು ಹಾಳೆಯಲ್ಲಿ ನಾಲ್ಕು ಕಪಾಟು. 310 ಮಾಡಿದರೆ ನಾಲ್ಕು ಹಾಳೆ ಬೇಕು. ಒಂದು ಸೆಂಟಿಮೀಟರಿಗೆ ಒಂದು ಪೂರ್ತಿ ಹಾಳೆ ಹೋಯಿತು. ಯಾವ ಡೀಲರ್ ಜೊತೆ ಎಷ್ಟೇ ಚೌಕಾಸಿ ಮಾಡಿದರೂ ಇಷ್ಟು ಬಿಡಿಸಿಕೊಳ್ಳಲು ಆಗುವುದಿಲ್ಲ. ಆದ್ದರಿಂದ ಹಾಳೆಗೆ ಎಷ್ಟು ಅಂತ ಕೇಳುವುದನ್ನು ಬಿಡಿ. ಒಂದು ಕಪಾಟಿಗೆ ಎಷ್ಟು ಬಿತ್ತು ಅಂತ ಬರೆದಿಡಿ. ಆಳ 300, 400 ಅಥವಾ 600 ಇಟ್ಟುಕೊಂಡರೆ ಈ ಹಾಳೆಯಲ್ಲಿ ವೇಸ್ಟು ಬಹಳ ಕಡಿಮೆ. ಗರಗಸ ಹಚ್ಚುವ ಮೊದಲು ಕಾಗದದ ಮೇಲೆ ಕತ್ತರಿಸಿ.

ಇನ್ನು ಎಲ್ಲಾ ಕಡೆ ಒಂದೇ ಪ್ಲೈವುಡ್ ಹಾಕುತ್ತಿದ್ದೀರಾ? ತುಂಬಾ ಜನ ಹಾಗೆ ಮಾಡುತ್ತಾರೆ. 18 ಎಂಎಂ ಹಾಳೆ ತಂದು ಪಕ್ಕಕ್ಕೂ ಅದೇ, ಡ್ರಾಯರಿಗೂ ಅದೇ. ಭಾರ ಹೊರುವ ಪಕ್ಕ, ಅಡ್ಡಹಲಗೆಗೆ 18 ಸರಿ. ಡ್ರಾಯರಿನ ಪಕ್ಕಕ್ಕೆ 12 ಸಾಕು. ಬೆನ್ನಿಗೆ, ಡ್ರಾಯರಿನ ತಳಕ್ಕೆ 6 ಧಾರಾಳವಾಯಿತು. ಬಣ್ಣ ಹೊಡೆಯುವ ಬಾಗಿಲಿಗೆ ಎಂಡಿಎಫ್, ಅಂದರೆ ಮರದ ನಾರನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ, ಪ್ಲೈವುಡ್ಡಿಗಿಂತ ನುಣುಪು, ಆದರೆ ನೀರು ತಾಗುವ ಕಡೆ ಬೇಡ. ಉದ್ದನೆಯ ಬಾಗಿಲಿಗೆ ಬ್ಲಾಕ್‌ಬೋರ್ಡ್ ನೋಡಿ, ಒಳಗೆ ಮರದ ಪಟ್ಟಿ ಜೋಡಿಸಿ ಮೇಲೆ ಪದರ ಅಂಟಿಸಿದ ಹಲಗೆ ಅದು. ಹಗುರ, ಬೇಗ ಬಾಗುವುದಿಲ್ಲ. ಅಂಟಿನ ವಿಷಯದಲ್ಲೂ ಇದೇ ಮಾತು. ಓದುವ ಮೇಜಿಗೆ ದೋಣಿ ಕಟ್ಟುವ ಮರೀನ್ ಪ್ಲೈ ಯಾಕೆ? ಒಣ ಕೋಣೆಯ ಸಾಮಾನಿಗೆ ತೇವ ತಡೆಯುವ ಎಂಆರ್ ದರ್ಜೆ ನಡೆಯುತ್ತದೆ. ಸಿಂಕಿನ ಕೆಳಗೆ, ಬಚ್ಚಲ ಪಕ್ಕ ಮಾತ್ರ ಫಿನಾಲ್ ಅಂಟಿನ ಜಲನಿರೋಧಕ ಹಾಳೆಗೆ ದುಡ್ಡು ಹಾಕಿ.

ಹಲಗೆ ಜಗ್ಗುತ್ತದೆ ಅಂತ 25 ಎಂಎಂ ಹಾಳೆಗೆ ಹೋಗುವವರೂ ಇದ್ದಾರೆ. ದಪ್ಪ ಹೆಚ್ಚಿಸುವ ಮೊದಲು ಉದ್ದ ಕಡಿಮೆ ಮಾಡಿ ನೋಡಿ. ಪುಸ್ತಕ ಒತ್ತಾಗಿ ತುಂಬಿದಾಗ 900 ಎಂಎಂ ಹಲಗೆ 600ರದ್ದಕ್ಕಿಂತ ಸುಮಾರು ಐದು ಪಟ್ಟು ಜಗ್ಗುತ್ತದೆ. ನಡುವೆ ಒಂದು ನಿಲುವು ಕೊಟ್ಟರೆ ಮುಗಿಯಿತು. ಇಲ್ಲವಾದರೆ ಮುಂದಿನ ಅಂಚಿಗೆ ಎರಡು ಬೆರಳು ಅಗಲದ ಮರದ ಪಟ್ಟಿಯನ್ನು ನಿಲ್ಲಿಸಿ ಅಂಟಿಸಿ. ಇನ್ನೊಂದು ವಿಷಯ, ಹಾಳೆಯ ಮುಖದ ನಾರು ಹಲಗೆಯ ಉದ್ದಕ್ಕೇ ಓಡಬೇಕು. ತುಂಡು ಉಳಿಸುವ ಆಸೆಗೆ ಅಡ್ಡ ತಿರುಗಿಸಿ ಕತ್ತರಿಸಿದರೆ ಹಲಗೆ ಬೇಗ ಜಗ್ಗುತ್ತದೆ.

ಸರಿ, ಈಗ ಖರೀದಿಗೆ ಬರೋಣ.

ಎರಡು ಮೂರು ಹಾಳೆ ಕೊಳ್ಳುವವರಿಗೆ ಯಾರೂ ಸಗಟು ರೇಟು ಕೊಡುವುದಿಲ್ಲ. ಅದರಲ್ಲಿ ಅಂಗಡಿಯವನ ತಪ್ಪೂ ಇಲ್ಲ. ನಿಮ್ಮ ಹಾಗೇ ಕೆಲಸ ಮಾಡುವ ನಾಲ್ಕೈದು ಜನ ಸೇರಿ. ಒಂದೇ ದಪ್ಪ, ಒಂದೇ ದರ್ಜೆ ಅಂತ ಗಟ್ಟಿ ಮಾಡಿಕೊಳ್ಳಿ. ಒಬ್ಬೊಬ್ಬರು ಒಂದೊಂದು ಹೇಳಿದರೆ ಮತ್ತೆ ಚಿಲ್ಲರೆ ವ್ಯಾಪಾರವೇ. ಡೀಲರ್ ಗೋದಾಮಿಗೆ ಒಟ್ಟಿಗೆ ಆರ್ಡರ್ ಕೊಡಿ. ರೇಟು ಕೇಳುವಾಗ ತೆರಿಗೆ, ಸಾಗಣೆ, ಇಳಿಸುವ ಕೂಲಿ ಎಲ್ಲ ಸೇರಿ ನಿಮ್ಮ ಬಾಗಿಲಿಗೆ ಎಷ್ಟು ಅಂತಲೇ ಕೇಳಿ. ಕಾರ್ಖಾನೆಯಿಂದ ನೇರ ತರಿಸುವ ಆಸೆ ಎಲ್ಲರಿಗೂ ಇರುತ್ತದೆ. ಲಾರಿ ತುಂಬುವಷ್ಟು ಮಾಲು ಇಲ್ಲದಿದ್ದರೆ ಉಳಿಸಿದ್ದೆಲ್ಲ ಬಾಡಿಗೆಗೇ ಹೋಗುತ್ತದೆ.

ಉದ್ರಿ ಬೇರೆ ಇದೆ. ತಿಂಗಳು ಬಿಟ್ಟು ಕೊಡಿ ಅನ್ನುವ ಅಂಗಡಿಯವನು ಧರ್ಮಕ್ಕೆ ಬಿಡುವುದಿಲ್ಲ, ಬಡ್ಡಿಯನ್ನು ರೇಟಿನಲ್ಲೇ ಸೇರಿಸಿರುತ್ತಾನೆ. ‘ಇವತ್ತೇ ಕೈಗೆ ದುಡ್ಡು ಕೊಟ್ಟರೆ ಎಷ್ಟು ಬಿಡ್ತೀರಿ?’ ಅಂತ ಒಂದು ಸಲ ಕೇಳಿ ನೋಡಿ. ಗಿರಾಕಿಯಿಂದ ಮುಂಗಡ ತಗೊಂಡು ಅದರಲ್ಲೇ ಹಾಳೆ ತರುವುದು ರೂಢಿಯಾದರೆ ಈ ಉದ್ರಿಯ ಉಸಾಬರಿಯೇ ಬೇಡ.

ನನಗೆ ತುಂಬಾ ಇಷ್ಟವಾದ ಜಾಗ ವಸ್ತುಪ್ರದರ್ಶನದ ಮೈದಾನ. ಮಳಿಗೆ ಕಟ್ಟಲು ಹೊಚ್ಚ ಹೊಸ ಪ್ಲೈವುಡ್ ತರುತ್ತಾರೆ, ನಾಲ್ಕು ದಿನ ನಿಲ್ಲಿಸುತ್ತಾರೆ, ಕೊನೆಯ ದಿನ ರಾತ್ರಿ ಕಿತ್ತುಹಾಕುತ್ತಾರೆ. ಜಾಗ ಬೇಗ ಖಾಲಿ ಮಾಡಬೇಕಾದ್ದರಿಂದ ಕಟ್ಟಿದ ಕಂಟ್ರಾಕ್ಟರಿಗೆ ಅದು ಹೊರೆ. ಮೊದಲೇ ಮಾತಾಡಿಟ್ಟು ಗಾಡಿ ತಗೊಂಡು ಹೋದರೆ ಆಳೆತ್ತರದ ತುಂಡುಗಳು ಸಿಗುತ್ತವೆ. ಮೊಳೆ, ಸ್ಟೇಪಲ್ ಪಿನ್ನು ಎಲ್ಲ ಕಿತ್ತು, ಅಯಸ್ಕಾಂತ ಆಡಿಸಿ ನೋಡಿ ಆಮೇಲೆ ಗರಗಸಕ್ಕೆ ಕೊಡಿ. ದೊಡ್ಡ ಇಂಟೀರಿಯರ್ ಕೆಲಸ ಮಾಡುವವರ ತುಂಡು ಮಾಲೂ ಒಳ್ಳೆಯದೇ. ಚಪ್ಪಲಿ ಸ್ಟ್ಯಾಂಡಿಗೆ ಪೂರ್ತಿ ಹಾಳೆ ಒಡೆಯುವ ಅಗತ್ಯವೇ ಇಲ್ಲ, ಅಲ್ವಾ?

ಗೋದಾಮಿನಲ್ಲಿ ‘ಸೆಕೆಂಡ್ಸ್ ಇದೆಯಾ?’ ಅಂತಲೂ ಕೇಳಿ. ಮೂಲೆ ಮುರಿದದ್ದು, ಮುಖದ ಮೇಲೆ ಗೀರು ಬಿದ್ದದ್ದು, ಕಲೆ ಇರುವುದು. ಮೇಲೆ ಲ್ಯಾಮಿನೇಟ್ ಅಂಟಿಸುವವರಿಗೆ ಕಲೆಯಾದರೆ ಏನು? ಆದರೆ ಪದರ ಬಿಟ್ಟದ್ದು, ಗುಳ್ಳೆ ಎದ್ದದ್ದು ಪುಕ್ಕಟೆ ಕೊಟ್ಟರೂ ಬೇಡ. ಒಂದು ಕಡೆ ಅಂಟು ಬಿಟ್ಟ ಹಾಳೆಯನ್ನು ಉಳಿದ ಕಡೆ ನಂಬುವುದು ಹೇಗೆ?

ಒಳ್ಳೆಯದು ಕೆಟ್ಟದ್ದು ಗೊತ್ತಾಗುವುದು ಅಂಚಿನಲ್ಲಿ. ಹಾಳೆಯ ಮುಖ ನೋಡಿ ಕೊಳ್ಳುವುದೆಂದರೆ ಹೊದಿಕೆ ನೋಡಿ ಪುಸ್ತಕ ಕೊಂಡ ಹಾಗೆ. ಹಾಳೆಯನ್ನು ಬೆಳಕಿಗೆ ತಿರುಗಿಸಿ ನಾಲ್ಕೂ ಅಂಚು ನಿಧಾನವಾಗಿ ನೋಡಿ. ಒಂದು ಪದರದ ನಾರು ಉದ್ದಕ್ಕೆ, ಅದರ ಕೆಳಗಿನದು ಅಡ್ಡಕ್ಕೆ. ಹೀಗೆ ಒಂದು ಬಿಟ್ಟು ಒಂದು ತಿಳಿಗಪ್ಪು, ಬಿಳಿ ಗೆರೆ ಕಾಣಬೇಕು. ಗೆರೆಗಳು ಒಂದೇ ದಪ್ಪ ಇವೆಯಾ? ನಡುವೆ ಎಲ್ಲಾದರೂ ಕಪ್ಪು ಸಂದು ಇದೆಯಾ? ಒಂದು ಗೆರೆ ಇನ್ನೊಂದರ ಮೇಲೆ ಹತ್ತಿ ಕೂತಿದೆಯಾ? ಸಂದು ಇದ್ದ ಕಡೆ ಸ್ಕ್ರೂ ಹಿಡಿಯುವುದಿಲ್ಲ. ಪದರ ಹತ್ತಿ ಕೂತ ಕಡೆ ಲ್ಯಾಮಿನೇಟ್ ಮೇಲೆ ಉಬ್ಬು ಎದ್ದು ಕಾಣುತ್ತದೆ. ಅಂಚಿಗೆ ಗಾಢ ಬಣ್ಣ ಬಳಿದಿದ್ದರೆ ಉಗುರಿನಲ್ಲೋ ಚಾಕುವಿನಲ್ಲೋ ಸ್ವಲ್ಪ ಕೆರೆಯಿರಿ. ಕೆಲವು ಕಡೆ ಬಣ್ಣದ ಕೆಳಗೆ ಪುಟ್ಟಿ ಮೆತ್ತಿರುತ್ತಾರೆ. ಕೆರೆಯಬೇಡಿ ಅಂತ ಅಂಗಡಿಯವನು ಹೇಳಿದರೆ ನಿಮಗೆ ಉತ್ತರ ಸಿಕ್ಕಿತು, ಮುಂದಿನ ಅಂಗಡಿಗೆ ನಡೆಯಿರಿ.

ಆಮೇಲೆ ಬೆರಳ ಗೆಣ್ಣಿನಿಂದ ಹಾಳೆಯ ಮೇಲೆ ಗೇಣಿಗೊಂದು ಸಲ ತಟ್ಟುತ್ತಾ ಹೋಗಿ. ಒಳಗೆ ಪೊಳ್ಳಿದ್ದರೆ ಸದ್ದು ಬದಲಾಗುತ್ತದೆ. ಅಂಚಿನಿಂದ ಒಂದು ಕಣ್ಣು ಮುಚ್ಚಿ ಉದ್ದಕ್ಕೆ ನೋಡಿದರೆ ಬಾಗು ತಿರುಚು ಗೊತ್ತಾಗುತ್ತದೆ. ಜೇಬಿನಲ್ಲಿ ದಪ್ಪ ಅಳೆಯುವ ಕ್ಯಾಲಿಪರ್ ಇರಲಿ. 18 ಅಂತ ಬರೆದ ಹಾಳೆ ಎಷ್ಟೋ ಸಲ 17ಕ್ಕೆ ಬಂದಿರುತ್ತದೆ. ಅದಕ್ಕಾದರೂ ಹೊಂದಿಕೊಳ್ಳಬಹುದು. ಒಂದು ಮೂಲೆ 17, ಇನ್ನೊಂದು ಮೂಲೆ 18 ಇದ್ದರೆ ಕೂಡುವ ಕೀಲೆಲ್ಲ ಕೆಡುತ್ತದೆ. ತೂಕವನ್ನೂ ನೋಡಿ. 18 ಎಂಎಂ ಪೂರ್ತಿ ಹಾಳೆ ಮರದ ಜಾತಿಯ ಮೇಲೆ ಸಾಮಾನ್ಯವಾಗಿ 27ರಿಂದ 37 ಕಿಲೋ ತೂಗುತ್ತದೆ. ಹಗುರ ಇದ್ದರೆ ಕೆಟ್ಟದ್ದು ಅಂತಲ್ಲ. ಪಾಪ್ಲರ್ ಮರದ ಹಾಳೆ ಹಗುರವೇ. ಆದರೆ ಗಟ್ಟಿಮರದ್ದು ಅಂತ ಹೇಳಿ ಹಗುರದ್ದು ಕೊಟ್ಟರೆ ಕೇಳಬೇಕಲ್ವಾ.

ದೊಡ್ಡ ಆರ್ಡರ್ ಕೊಡುವ ಮೊದಲು ಅಂಗೈಯಷ್ಟು ತುಂಡು ಕೇಳಿ ಇಸಕೊಳ್ಳಿ. ನಾಲ್ಕು ಗಂಟೆ ಕುದಿಯುವ ನೀರಿನಲ್ಲಿಡಿ. ಎಂಆರ್ ದರ್ಜೆಗೆ ಸಾಮಾನ್ಯವಾಗಿ ಹಾಕುವ ಯೂರಿಯಾ ಅಂಟಿನದಾದರೆ ಪದರ ಬಿಡುತ್ತದೆ, ಅದು ಸಹಜ. ಅದನ್ನು ಮರೀನ್ ಅಂತ ಮಾರುತ್ತಿದ್ದರೆ ಮೋಸ. ಅಸಲಿ ಮರೀನ್ ದರ್ಜೆಯದು 72 ಗಂಟೆ ಕುದಿಸಿದರೂ ಪದರ ಬಿಡಬಾರದು.

ಮಾಲು ಮನೆಗೆ ಬಂದ ಮೇಲೆ ಗೋಡೆಗೆ ಒರಗಿಸಿ ನಿಲ್ಲಿಸಬೇಡಿ. ನೆಲದ ಮೇಲೆ ಮೂರು ನಾಲ್ಕು ರೀಪು ಇಟ್ಟು, ಅದರ ಮೇಲೆ ಮಟ್ಟಸವಾಗಿ ಮಲಗಿಸಿ. ಎರಡು ತಿಂಗಳ ಕೆಲಸಕ್ಕಾಗುವಷ್ಟಕ್ಕಿಂತ ಜಾಸ್ತಿ ತರಬೇಡಿ. ಅಗ್ಗಕ್ಕೆ ಸಿಕ್ಕಿತು ಅಂತ ರಾಶಿ ಹಾಕಿದರೆ ದುಡ್ಡೂ ಅಲ್ಲೇ ಮಲಗುತ್ತದೆ.

ಪ್ರಶ್ನೆ: ಕಟ್ಟಡದ ಸೆಂಟ್ರಿಂಗ್‌ಗೆ ಬಳಸಿದ ಪ್ಲೈವುಡ್ ಬಹಳ ಕಡಿಮೆಗೆ ಸಿಗುತ್ತಿದೆ. ಕಪ್ಪು ಫಿಲ್ಮ್ ಇದೆ, ಗಟ್ಟಿಯಾಗಿಯೂ ಇದೆ. ಬೆಂಚು, ಸ್ಟೂಲು ಮಾಡಿ ಮಾರಬಹುದಾ?

ಉತ್ತರ: ಮಾರುವುದಕ್ಕೆ ಬೇಡ. ಗಟ್ಟಿ ಇರುವುದು ನಿಜ. ಆದರೆ ಅದರೊಳಗೆ ಮುರಿದ ಮೊಳೆ, ಮೇಲೆ ಸಿಮೆಂಟು, ಅಚ್ಚು ಬಿಡಲು ಹಚ್ಚಿದ ಎಣ್ಣೆ ಇರುತ್ತದೆ. ಸಿಮೆಂಟು ಹತ್ತಿದ ಹಾಳೆ ಗರಗಸದ ಹಲ್ಲನ್ನು ಮೊಂಡು ಮಾಡಿಬಿಡುತ್ತದೆ. ಎಣ್ಣೆ ಕುಡಿದ ಕಡೆ ಅಂಟೂ ಹಿಡಿಯುವುದಿಲ್ಲ, ಬಣ್ಣವೂ ಹಿಡಿಯುವುದಿಲ್ಲ. ಹಾಳೆಯಲ್ಲಿ ಉಳಿಸಿದ ದುಡ್ಡು ಬ್ಲೇಡಿಗೆ ಹೋಗುತ್ತದೆ. ನಿಮ್ಮ ವರ್ಕ್‌ಶಾಪಿನ ಟೇಬಲ್ಲಿಗೆ ಹಾಸಲು, ತುಂಡು ಜೋಡಿಸುವ ರ‍್ಯಾಕ್ ಮಾಡಲು ಒಂದೆರಡು ತಗೊಳ್ಳಿ. ಅಷ್ಟಕ್ಕೆ ಅದರಷ್ಟು ಒಳ್ಳೆಯದು ಬೇರೆ ಇಲ್ಲ.

ಪ್ರಶ್ನೆ: ನಾನು ಮಕ್ಕಳ ಮೇಜು, ಆಟಿಕೆಯ ಪೆಟ್ಟಿಗೆ ಮಾಡುತ್ತೇನೆ. ಹೊಸ ಪ್ಲೈವುಡ್ ಕತ್ತರಿಸಿದಾಗ ಕಣ್ಣು ಉರಿಯುತ್ತದೆ. ಗಿರಾಕಿಗಳೂ ವಾಸನೆ ಅನ್ನುತ್ತಾರೆ. ದುಬಾರಿ ಹಾಳೆಯೇ ತರಬೇಕಾ ಸಾರ್?

ಉತ್ತರ: ಮಕ್ಕಳ ಸಾಮಾನು ಅಂದಮೇಲೆ ಹೌದಮ್ಮಾ, ಇಲ್ಲಿ ಮಾತ್ರ ಜಿಪುಣತನ ಬೇಡ. ಆ ಉರಿ ಅಂಟಿನಿಂದ ಬಿಡುವ ಫಾರ್ಮಾಲ್ಡಿಹೈಡ್ ಅನಿಲದ್ದು. ಅದನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಹಾಳೆಯನ್ನು ದಿನವೂ ಕತ್ತರಿಸುವ ನಿಮಗೇ ಅದು ಗಿರಾಕಿಗಿಂತ ಜಾಸ್ತಿ ತಾಗುತ್ತದೆ. ಹಾಳೆಯ ಮೇಲೆ ಇ1 ಅಥವಾ ಇ0 ಅಂತ ಮುದ್ರೆ ಇರುವುದನ್ನು ಕೇಳಿ, ಈ ಅನಿಲ ಕಡಿಮೆ ಬಿಡುವ ದರ್ಜೆಗಳು ಅವು. ಯೂರಿಯಾ ಅಂಟಿಗಿಂತ ಫಿನಾಲ್ ಅಂಟಿನ ಹಾಳೆ ತುಂಬಾ ಕಡಿಮೆ ಬಿಡುತ್ತದೆ. ದುಬಾರಿಯಾದರೂ ನಿಮ್ಮದು ಚಿಕ್ಕ ಸಾಮಾನು, ಒಂದು ಹಾಳೆಯಲ್ಲಿ ಎಷ್ಟೋ ಆಗುತ್ತದೆ. ಕತ್ತರಿಸುವಾಗ ಕಿಟಕಿ ಬಾಗಿಲು ತೆಗೆದಿಡಿ, ಮಾಸ್ಕ್ ಹಾಕಿಕೊಳ್ಳಿ. ಬಟ್ಟೆಯ ಮಾಸ್ಕ್ ದೂಳನ್ನೂ ಸರಿಯಾಗಿ ತಡೆಯುವುದಿಲ್ಲ, ಅನಿಲವನ್ನಂತೂ ತಡೆಯುವುದೇ ಇಲ್ಲ. ಕತ್ತರಿಸಿದ ಅಂಚನ್ನು ಸುಮ್ನೆ ಬಿಡಬೇಡಿ. ಅಂಚು ಮುಚ್ಚುವ ತೆಳು ಪಟ್ಟಿ (ಎಡ್ಜ್‌ಬ್ಯಾಂಡ್) ಹಾಕಿ ಅಥವಾ ಎರಡು ಕೈ ಸೀಲರ್ ಹೊಡೆಯಿರಿ, ಪೆಟ್ಟಿಗೆಯ ಒಳಭಾಗಕ್ಕೂ ಸೇರಿಸಿ. ಗಿರಾಕಿಗೆ ಕೊಡುವ ಮೊದಲು ಮುಚ್ಚಳ ತೆಗೆದು ಗಾಳಿಯಾಡುವ ಕಡೆ ಕೆಲವು ದಿನ ಇಟ್ಟಿರಿ.