ಕೊಡಗಿನ ಮಳೆಗಾಲದ ತುರಿಕೆ: ಯಾವುದಕ್ಕೆ ಎಣ್ಣೆ, ಯಾವುದಕ್ಕೆ ಎಣ್ಣೆ ಬೇಡ

ನೀವು ಕೇಳಿದ್ದು ಇಷ್ಟು: ಮೈಸೂರಿನಿಂದ ಕೆಲಸಕ್ಕೆ ಅಂತ ಮಡಿಕೇರಿಗೆ ಬಂದಿದ್ದೀರಿ. ಮಳೆ ಹಿಡಿದ ಮೇಲೆ ಸೊಂಟ, ತೊಡೆಸಂದಿ, ಕಾಲ್ಬೆರಳ ಸಂದಿಯಲ್ಲಿ ತುರಿಕೆ ಶುರುವಾಗಿದೆ, ಮೊಣಕಾಲ ಕೆಳಗೂ ನವೆ, ರಾತ್ರಿಯಾದರೆ ಜಾಸ್ತಿ. ಮಾತ್ರೆ ಬೇಡ, ಮನೆಮದ್ದು ಹೇಳಿ, ನಿಂಬೆರಸ ಮತ್ತು ಅಡುಗೆ ಸೋಡಾ ಹಚ್ಚಬಹುದಾ ಅಂತ.

ನಿಂಬೆರಸ ಬೇಡ. ಉಳಿದದ್ದನ್ನು ಆಮೇಲೆ ಹೇಳುತ್ತೇನೆ, ಇದನ್ನು ಮೊದಲು ಹೇಳಿಬಿಡಬೇಕು. ಕೆರೆದು ಕೆರೆದು ತೆಳುವಾದ ಚರ್ಮಕ್ಕೆ ಹುಳಿ ಬಿದ್ದರೆ ಉರಿಯುವುದು ಒಂದು ಕಡೆ. ಇನ್ನೊಂದು ಕಡೆ, ನಿಂಬೆರಸ ಮೈಮೇಲಿದ್ದಾಗ ಬಿಸಿಲು ತಾಗಿದರೆ ಸುಟ್ಟ ಹಾಗೆ ಗುಳ್ಳೆ ಬರುತ್ತದೆ, ಆಮೇಲೆ ಕಪ್ಪು ಕಲೆ ತಿಂಗಳುಗಟ್ಟಲೆ ಹೋಗುವುದಿಲ್ಲ. ಜುಲೈನಲ್ಲಿ ಮಡಿಕೇರಿಯಲ್ಲಿ ಬಿಸಿಲೆಲ್ಲಿ ಅಂತ ನೀವು ನಗಬಹುದು. ಮೋಡ ಇದ್ದರೂ ಆ ಕಿರಣ ಒಂದಿಷ್ಟು ಬಂದೇ ಬರುತ್ತದೆ. ಯಾರಾದರೂ ಕಾಚಂಪುಳಿ, ಅಂದರೆ ಕೊಡಗಿನ ಅಡುಗೆಯ ಕಪ್ಪು ಹುಳಿ, ಹಚ್ಚಿ ಅಂತ ಹೇಳಿದರೆ ಅದೂ ಬೇಡ. ಅದು ಪಂದಿ ಕರಿಗೆ (ಹಂದಿ ಸಾರಿಗೆ) ಇರಲಿ, ಚರ್ಮಕ್ಕೆ ಅಷ್ಟು ಹುಳಿ ತಡೆಯುವುದಿಲ್ಲ.

ಅಡುಗೆ ಸೋಡಾ ನಿಂಬೆಯಷ್ಟು ಕೆಟ್ಟದ್ದಲ್ಲ. ಇರುವೆಯೋ ಸೊಳ್ಳೆಯೋ ಕಚ್ಚಿದ ಒಂದು ಜಾಗಕ್ಕೆ ನೀರಿನಲ್ಲಿ ಕಲಸಿ ಐದು ಹತ್ತು ನಿಮಿಷ ಇಟ್ಟು ತೊಳೆದರೆ ತೊಂದರೆ ಇಲ್ಲ. ಮೈಗೆಲ್ಲಾ ತಿಕ್ಕಬೇಡಿ. ಚರ್ಮ ಸ್ವಲ್ಪ ಆಮ್ಲದ ಕಡೆ ಇರುತ್ತದೆ, ಅದೇ ಅದರ ಕಾವಲು. ಸೋಡಾ ಅದಕ್ಕೆ ತದ್ವಿರುದ್ಧ, ಚರ್ಮ ಇನ್ನೂ ಒಣಗುತ್ತದೆ.

ನಾನು ಡಾಕ್ಟರ್ ಅಲ್ಲ. ನಾಪೋಕ್ಲು ಕಡೆ ಸಣ್ಣ ಕಾಫಿ ತೋಟ ನಮ್ಮದು. ವರ್ಷದಲ್ಲಿ ಒಂದಲ್ಲ ಒಂದು ಕಾರಣಕ್ಕೆ ಮನೆಯಲ್ಲಿ ಯಾರಾದರೂ ಕೆರೆಯುತ್ತಲೇ ಇರುತ್ತಾರೆ, ಹಾಗಾಗಿ ಇದರ ಬಗ್ಗೆ ಸ್ವಲ್ಪ ಗೊತ್ತು. ನೀವು ಬರೆದದ್ದು ನೋಡಿದರೆ ನಿಮಗಿರುವುದು ಒಂದು ತುರಿಕೆ ಅಲ್ಲ, ಎರಡು. ಸೊಂಟ, ತೊಡೆಸಂದಿ, ಬೆರಳ ಸಂದಿಯದು ಒದ್ದೆಯ ತುರಿಕೆ. ಮೊಣಕಾಲ ಕೆಳಗಿನದು ಒಣ ತುರಿಕೆ ಇರಬೇಕು. ಎರಡಕ್ಕೂ ಮದ್ದು ಉಲ್ಟಾ. ಒಂದಕ್ಕೆ ಎಣ್ಣೆ ಬೇಕು, ಇನ್ನೊಂದಕ್ಕೆ ಎಣ್ಣೆ ಬೇಡ. ಎರಡಕ್ಕೂ ಒಂದೇ ಮದ್ದು ಹಚ್ಚಿ, ಮನೆಮದ್ದು ಕೆಲಸ ಮಾಡಲಿಲ್ಲ ಅನ್ನುವವರೇ ಜಾಸ್ತಿ.

ಹಗಲಲ್ಲಿ ಕಿಟಕಿ ಹತ್ತಿರ ನಿಂತು ಸರಿಯಾಗಿ ನೋಡಿ. ಸೊಂಟದಲ್ಲಿ, ತೊಡೆಸಂದಿಯಲ್ಲಿ ಬಳೆಯ ಹಾಗೆ ದುಂಡಗೆ, ಅಂಚು ಕೆಂಪಗೆ ಉಬ್ಬಿ, ನಡುವೆ ಸ್ವಲ್ಪ ತಿಳಿಯಾಗಿದ್ದರೆ ಅದು ಹುಳುಕಡ್ಡಿ. ಹುಳ ಏನೂ ಇರುವುದಿಲ್ಲ, ಅದು ಫಂಗಸ್. ಕಾಲ್ಬೆರಳ ಸಂದಿಯಲ್ಲಿ ಚರ್ಮ ಬೆಳ್ಳಗೆ ನೆನೆದು ಸುಲಿಯುತ್ತಿದ್ದರೆ ಅದೂ ಅದೇ ಜಾತಿ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ. ಕುಶಾಲನಗರದ ಕಡೆ ಅದರ ಅರ್ಧವೂ ಇಲ್ಲ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಬಟ್ಟೆ ಒಣಗಿದೆ ಅಂತ ಅನ್ನಿಸುತ್ತದೆ ಅಷ್ಟೆ, ಒಣಗಿರುವುದಿಲ್ಲ. ಜೀನ್ಸ್ ಪ್ಯಾಂಟಿನ ಸೊಂಟದ ಪಟ್ಟಿ, ಒಳಚಡ್ಡಿಯ ಎಲಾಸ್ಟಿಕ್, ಲಂಗದ ದಾರ ಹಾಕುವ ಮಡಿಕೆ, ಇವು ಮೂರು ಕಡೆ ಕೈ ಹಿಸುಕಿ ನೋಡಿ. ತಣ್ಣಗಿರುತ್ತದೆ. ಅದನ್ನೇ ದಿನವಿಡೀ ಹಾಕಿಕೊಂಡು, ಮೇಲೆ ರೈನ್‌ಕೋಟ್ ಹಾಕಿ ಬೆವೆತರೆ ಫಂಗಸ್ಸಿಗೆ ಇನ್ನೇನು ಬೇಕು?

ಹಾಗಾಗಿ ನಿಮ್ಮ ಮೊದಲನೇ ಮನೆಮದ್ದು ಇಸ್ತ್ರಿ ಪೆಟ್ಟಿಗೆ. ನಿಜವಾಗಿ ಹೇಳುತ್ತಿದ್ದೇನೆ. ನಮ್ಮ ಹಳೇ ಮನೆಗಳಲ್ಲಿ ಒಲೆಯ ಮೇಲೆ ಬಿದಿರು ಕಟ್ಟಿ ಬಟ್ಟೆ ಹರವುತ್ತಿದ್ದರು, ಹೊಗೆ ವಾಸನೆ ಬಂದರೂ ಗರಿಗರಿ ಒಣಗುತ್ತಿತ್ತು. ಬಾಡಿಗೆ ಮನೆಯಲ್ಲಿ ಅದು ಆಗದು ಬಿಡಿ. ಒಳಬಟ್ಟೆಯನ್ನು ತಿರುವಿ ಹಾಕಿ, ಹೊಲಿಗೆ ಇರುವ ಕಡೆ ನಿಧಾನವಾಗಿ ಇಸ್ತ್ರಿ ಮಾಡಿ, ಎಲಾಸ್ಟಿಕ್ಕಿಗೆ ಮಾತ್ರ ಬಿಸಿ ಕಡಿಮೆ ಇರಲಿ. ಮಳೆಗಾಲ ಮುಗಿಯುವ ತನಕ ಜೀನ್ಸ್ ಬಿಟ್ಟು ಸಡಿಲ ಕಾಟನ್ ಹಾಕಿ. ಆಫೀಸಿಗೆ ಒಂದು ಜೊತೆ ಕಾಲುಚೀಲ ಜಾಸ್ತಿ ಇಟ್ಟುಕೊಳ್ಳಿ, ಹೋದ ತಕ್ಷಣ ಬದಲಾಯಿಸಿ. ಶೂ ಒಳಗೆ ರಾತ್ರಿ ಹಳೇ ಪೇಪರ್ ಉಂಡೆ ಮಾಡಿ ತುರುಕಿ, ನೀರು ಹೀರುತ್ತದೆ. ಟವೆಲ್ ಯಾರ ಜೊತೆಗೂ ಹಂಚಿಕೊಳ್ಳಬೇಡಿ. ಸ್ನಾನ ಆದ ಮೇಲೆ ಸಂದಿಗಳನ್ನು ಒರೆಸಿ, ಫ್ಯಾನಿನ ಕೆಳಗೆ ಎರಡು ನಿಮಿಷ ನಿಂತು ಆಮೇಲೆ ಬಟ್ಟೆ ಹಾಕಿ. ಚಳಿಯಲ್ಲಿ ಫ್ಯಾನಾ ಅಂದರೆ ನನ್ನ ಹತ್ತಿರ ಬೇರೆ ಉತ್ತರ ಇಲ್ಲ.

ಆ ಜಾಗಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ ಮೇಲೆ ಬಿಗಿ ಬಟ್ಟೆ ಹಾಕಬೇಡಿ. ಸಂದಿಯಲ್ಲಿ ಜಿಡ್ಡು, ಬೆವರು ಸೇರಿ ಇನ್ನೂ ನೆನೆಯುತ್ತದೆ. ಬೇವಿನ ಎಲೆ ಕುದಿಸಿ ಆರಿಸಿದ ನೀರಲ್ಲಿ ತೊಳೆಯಬಹುದು, ಉರಿ ಕಡಿಮೆ ಆಗುತ್ತದೆ. ನಮ್ಮ ಕಡೆ ಬೇವಿನ ಮರ ಅಪರೂಪ, ಪಿರಿಯಾಪಟ್ಟಣದ ಕಡೆಯಿಂದ ಯಾರಾದರೂ ಬರುವಾಗ ಸೊಪ್ಪು ತರಿಸಿಕೊಳ್ಳುತ್ತೇವೆ. ಆದರೆ ಬೇವಿನ ನೀರೊಂದರಿಂದಲೇ ಹುಳುಕಡ್ಡಿ ಹೋಗುತ್ತದೆ ಅಂತ ಕೂರಬೇಡಿ. ಇದಕ್ಕೆ ಮಾತ್ರೆ ಬೇಡ ಅಂದರೂ ಮುಲಾಮು ಬೇಕೇ ಬೇಕು. ಕ್ಲೋಟ್ರಿಮಜೋಲ್ ಅಂತ ಬರೆದಿರುವ ಕ್ರೀಮ್ ಬರುತ್ತದೆ. ದಿನಕ್ಕೆ ಎರಡು ಸಲ, ಕೆಂಪು ಅಂಚಿನಿಂದ ಒಂದು ಬೆರಳು ಆಚೆಯವರೆಗೂ ಹಚ್ಚಬೇಕು. ತುರಿಕೆ ನಿಂತ ದಿನ ಕ್ರೀಮ್ ನಿಲ್ಲಿಸಬಾರದು, ಕಲೆ ತಿಳಿಯಾದ ಮೇಲೂ ಒಂದೆರಡು ವಾರ ಮುಂದುವರಿಸಬೇಕು. ಅರ್ಧಕ್ಕೆ ಬಿಟ್ಟರೆ ವಾಪಸ್ ಬರುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಮೆಡಿಕಲ್ ಶಾಪಿಗೆ ಹೋಗಿ "ತುರಿಕೆಗೆ ಒಂದು ಟ್ಯೂಬ್ ಕೊಡಿ" ಅಂದರೆ ಎಷ್ಟೋ ಸಲ ಕೈಗೆ ಬರುವುದು ಫಂಗಸ್ ಮದ್ದು, ಆ್ಯಂಟಿಬಯೋಟಿಕ್, ಸ್ಟೀರಾಯ್ಡ್ ಎಲ್ಲಾ ಕಲಸಿದ ಟ್ಯೂಬ್. ಹಚ್ಚಿದ ರಾತ್ರಿಯೇ ತುರಿಕೆ ಮಾಯ, ಮ್ಯಾಜಿಕ್ ಅನ್ನಿಸುತ್ತದೆ. ಸ್ಟೀರಾಯ್ಡ್ ಕೆಂಪನ್ನು ಅಡಗಿಸುತ್ತದೆ, ಫಂಗಸ್ ಒಳಗೊಳಗೇ ಹರಡುತ್ತದೆ. ಬಿಟ್ಟ ತಕ್ಷಣ ಇಮ್ಮಡಿಯಾಗಿ ಬರುತ್ತದೆ, ತೊಡೆಸಂದಿಯ ಚರ್ಮ ತೆಳುವಾಗಿ ಗೆರೆ ಬೀಳುತ್ತದೆ. 2018ರಲ್ಲಿ ಸರ್ಕಾರ ಇಂಥ ಸ್ಟೀರಾಯ್ಡ್ ಕ್ರೀಮುಗಳನ್ನು ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದು ಅಂತ ಮಾಡಿತು, ಆದರೂ ಸುಲಭವಾಗಿ ಸಿಗುತ್ತದೆ. ಟ್ಯೂಬಿನ ಹಿಂದೆ ಕ್ಲೋಬೆಟಸಾಲ್, ಬೆಟಾಮೆಥಸೋನ್ ಅಂತ ಇದ್ದರೆ ವಾಪಸ್ ಕೊಡಿ. ಸುಮ್ನೆ ಹೇಳುತ್ತಿಲ್ಲ, ನಮ್ಮ ಸುತ್ತಮುತ್ತ ಇದರಿಂದ ವರ್ಷಗಟ್ಟಲೆ ಒದ್ದಾಡಿದವರಿದ್ದಾರೆ.

ಈಗ ಮೊಣಕಾಲ ಕೆಳಗಿನ ನವೆ. ಅಲ್ಲಿ ಗುಳ್ಳೆ ಇಲ್ಲ, ಉಂಗುರ ಇಲ್ಲ, ಉಗುರಲ್ಲಿ ಗೀಚಿದರೆ ಬಿಳೀ ಗೆರೆ ಬೀಳುತ್ತದೆ ಅಂದರೆ ಅದು ಒಣ ಚರ್ಮ. ಇಷ್ಟು ಮಳೆಯಲ್ಲಿ ಚರ್ಮ ಒಣಗುತ್ತದಾ ಅಂತ ಆಶ್ಚರ್ಯ ಬೇಡ, ಒಣಗಿಸುವುದು ನಮ್ಮ ಬಚ್ಚಲು. ಹಂಡೆಯಲ್ಲಿ ಕುದಿಯುವ ನೀರು, ಅದನ್ನು ಕಾಲಿಗೆ ಸುರಿದುಕೊಳ್ಳುವಾಗ ಸಿಗುವ ಸುಖ, ಇದನ್ನು ಬಿಡಿ ಅಂತ ಕೊಡಗಿನವರಿಗೆ ಹೇಳುವುದು ಕಷ್ಟ. ಆದರೆ ತುರಿಸುವ ಜಾಗಕ್ಕೆ ಬಿಸಿನೀರು ಬಿದ್ದಾಗ ಹಾಯ್ ಅನ್ನಿಸುವುದು ಆ ಗಳಿಗೆ ಮಾತ್ರ. ಚರ್ಮದ ಎಣ್ಣೆ ಎಲ್ಲಾ ತೊಳೆದುಹೋಗಿ, ಹಾಸಿಗೆಗೆ ಹೋಗುವ ಹೊತ್ತಿಗೆ ಇನ್ನೂ ಜಾಸ್ತಿ ಕೆರೆತ. ನಿಮಗೆ ರಾತ್ರಿ ಜಾಸ್ತಿ ಆಗುವುದಕ್ಕೆ ಸಂಜೆ ಸ್ನಾನವೇ ಕಾರಣ ಇರಬಹುದು, ಒಮ್ಮೆ ಗಮನಿಸಿ. ನೀರು ಉಗುರುಬೆಚ್ಚಗೆ ಇರಲಿ, ಹತ್ತು ನಿಮಿಷದಲ್ಲಿ ಮುಗಿಸಿ, ಕಾಲಿಗೆ ಸೋಪು ಬೇಡ. ಟವೆಲ್ಲಿನಿಂದ ಒತ್ತಿ ಒರೆಸಿ. ಮೈ ಇನ್ನೂ ಸ್ವಲ್ಪ ಪಸೆ ಇರುವಾಗಲೇ, ಬಚ್ಚಲಿಂದ ಹೊರಗೆ ಬರುವ ಮುಂಚೆ ಕೊಬ್ಬರಿ ಎಣ್ಣೆ ಹಚ್ಚಿ. ಇದರಲ್ಲಿ ಗುಟ್ಟು ಇರುವುದು ಸಮಯದಲ್ಲಿ. ಪೂರ್ತಿ ಒಣಗಿದ ಮೇಲೆ ಹಚ್ಚಿದರೆ ಹಿಡಿದಿಡಲು ನೀರೇ ಇರುವುದಿಲ್ಲ. ಬೇಕಾದರೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿ, ಅದು ಇನ್ನೂ ಗಟ್ಟಿ. ಸಾಸಿವೆ ಎಣ್ಣೆ ಬೇಡ, ಚುರುಚುರು ಅನ್ನುತ್ತದೆ.

ಓಟ್ಸ್ ಬಗ್ಗೆ ಕೇಳಿರುತ್ತೀರಿ, ಅದು ನಿಜಕ್ಕೂ ಒಳ್ಳೆಯದು. ಮಸಾಲೆ ಹಾಕಿದ ಪ್ಯಾಕೆಟ್ ಅಲ್ಲ, ಸಾದಾ ಓಟ್ಸ್. ಮಿಕ್ಸಿಯಲ್ಲಿ ಹಿಟ್ಟಿನ ಹಾಗೆ ನುಣ್ಣಗೆ ಮಾಡಿ, ಒಂದು ಚಮಚ ಲೋಟ ನೀರಿಗೆ ಹಾಕಿ ಕಲಕಿ ನೋಡಿ. ನೀರು ಹಾಲಿನ ಬಣ್ಣಕ್ಕೆ ತಿರುಗಿದರೆ ಸರಿ, ತಳಕ್ಕೆ ಕೂತರೆ ಇನ್ನೊಮ್ಮೆ ರುಬ್ಬಿ. ಅದನ್ನು ಬಕೆಟ್ ನೀರಿಗೆ ಎರಡು ಹಿಡಿ ಹಾಕಿ ಕಾಲು ಮುಳುಗಿಸಿ ಕೂರಿ, ಕಾಲು ಗಂಟೆ ಸಾಕು. ಬಚ್ಚಲ ನೆಲ ಜಾರುತ್ತದೆ, ಹುಷಾರು. ಬೆರಳ ಸಂದಿಯನ್ನು ಮಾತ್ರ ಆಮೇಲೆ ಚೆನ್ನಾಗಿ ಒಣಗಿಸಿಕೊಳ್ಳಿ.

ಲೋಳೆಸರ ಹಚ್ಚುವುದಾದರೆ ಎಲೆ ಕೊಯ್ದು ಹಳದಿ ರಸ ಸುರಿದುಹೋಗಲು ಬಿಡಿ, ಒಳಗಿನ ತಿಳಿ ಲೋಳೆ ಮಾತ್ರ ತೆಗೆದುಕೊಳ್ಳಿ. ಆ ಹಳದಿ ರಸದಿಂದಲೇ ಕೆಲವರಿಗೆ ತುರಿಕೆ ಬರುತ್ತದೆ. ಕೊಬ್ಬರಿ ಎಣ್ಣೆಗೆ ಕರ್ಪೂರ ಪುಡಿ ಮಾಡಿ ಹಾಕುವುದು ನಮ್ಮತ್ತೆಯ ಪದ್ಧತಿ. ಒಂದು ಚಿಟಿಕೆ ಸಾಕು, ತಣ್ಣಗಾಗಿ ತುರಿಕೆ ಮರೆಸುತ್ತದೆ. ಗಾಯ ಇರುವ ಕಡೆ ಬೇಡ. ಮನೆಯಲ್ಲಿ ಮಗು ಇದ್ದರೆ ಆ ಬಾಟಲಿ ಕೈಗೆ ಸಿಗಲೇಬಾರದು, ಕರ್ಪೂರ ಹೊಟ್ಟೆಗೆ ಹೋದರೆ ಫಿಟ್ಸ್ ಬರುತ್ತದೆ. ಏನೇ ಹೊಸದು ಹಚ್ಚುವ ಮುಂಚೆ ಮೊಣಕೈ ಒಳಗೆ ಒಂದು ಚುಕ್ಕೆ ಹಚ್ಚಿ ಒಂದು ದಿನ ಕಾಯಿರಿ. ಬೆಳ್ಳುಳ್ಳಿ ಜಜ್ಜಿ ಕಟ್ಟುವುದು ಬೇಡವೇ ಬೇಡ, ಚರ್ಮ ಸುಟ್ಟುಹೋಗುತ್ತದೆ.

ವಾರದ ಕೊನೆಗೆ ಯಾರದಾದರೂ ತೋಟಕ್ಕೆ ಹೋಗುತ್ತೀರಿ ಅಲ್ವಾ, ಹೋಗದೆ ಇರುವುದಿಲ್ಲ. ಅಲ್ಲಿನ ತುರಿಕೆಗಳದ್ದು ಬೇರೆಯೇ ಲೆಕ್ಕ. ಕಂಬಳಿಹುಳು ಮೈಗೆ ತಾಗಿದರೆ ಕೈಯಿಂದ ಉಜ್ಜಬೇಡಿ, ಕಣ್ಣಿಗೆ ಕಾಣದ ಕೂದಲು ಇನ್ನೂ ಒಳಗೆ ಹೋಗುತ್ತದೆ. ಸೆಲೋಟೇಪ್ ಅಂಟಿಸಿ ಕಿತ್ತರೆ ಕೂದಲು ಟೇಪಿಗೆ ಬರುತ್ತದೆ, ಬೆಳಕಿಗೆ ಹಿಡಿದರೆ ಸಣ್ಣ ಮುಳ್ಳಿನ ಸಾಲು ಕಾಣಿಸುತ್ತದೆ. ಹೊಸ ಹೊಸ ತುಂಡು ಹಾಕಿ ಅದು ಕಾಣದಾಗುವ ತನಕ ಕೀಳಿ, ಆಮೇಲೆ ಸೋಪು ನೀರು, ಆಮೇಲೆ ತಣ್ಣೀರು ಬಟ್ಟೆ. ಹಾಕಿದ್ದ ಬಟ್ಟೆ ಬೇರೆಯಾಗಿ ಒಗೆಯಿರಿ. ಕಣ್ಣಿಗೆ ಬಿದ್ದಿದ್ದರೆ ನೇರ ಆಸ್ಪತ್ರೆ. ಜಿಗಣೆ ಕಚ್ಚಿದ ಜಾಗ ಕೆಲವು ದಿನ ತುರಿಸುತ್ತದೆ, ಅದು ಬಿಟ್ಟ ಜೊಲ್ಲಿನಿಂದ. ಸೋಪು ಹಾಕಿ ತೊಳೆದು ಕ್ಯಾಲಮೈನ್ ಲೋಶನ್ ಹಚ್ಚಿ, ಕೆರೆದು ಹುಣ್ಣು ಮಾಡಿಕೊಳ್ಳಬೇಡಿ. ಕೆಸದ ಸೊಪ್ಪು ಹೆಚ್ಚುವಾಗ ಕೈ ತುರಿಸುವುದು ಅದರೊಳಗಿನ ಸೂಜಿಯಂಥ ಹರಳಿನಿಂದ, ಮುಂಚೆಯೇ ಕೈಗೆ ಎಣ್ಣೆ ಸವರಿಕೊಂಡರೆ ಆಯಿತು.

ಇವತ್ತು ರಾತ್ರಿಗೆ ಏನು ಮಾಡುವುದು ಅಂದರೆ, ತಣ್ಣೀರಲ್ಲಿ ಅದ್ದಿ ಹಿಂಡಿದ ಕಾಟನ್ ಬಟ್ಟೆ ತುರಿಸುವ ಜಾಗದ ಮೇಲೆ ಹತ್ತು ನಿಮಿಷ ಇಡಿ. ತಂಪು ತುರಿಕೆಯನ್ನು ಅಡಗಿಸುವಷ್ಟು ಬೇಗ ಬೇರೆ ಯಾವುದೂ ಅಡಗಿಸುವುದಿಲ್ಲ. ಉಗುರು ಕತ್ತರಿಸಿ. ಉಣ್ಣೆ ಕಂಬಳಿ ನೇರ ಮೈಗೆ ತಾಗದ ಹಾಗೆ ಕೆಳಗೆ ಒಂದು ತೆಳು ಹತ್ತಿ ಬಟ್ಟೆ ಹಾಕಿಕೊಳ್ಳಿ.

ಒಂದು ವಿಷಯ ನೀವು ಬರೆದಿಲ್ಲ. ಜೊತೆಗಿರುವವರಿಗೂ ತುರಿಕೆ ಇದೆಯಾ? ರಾತ್ರಿ ಜಾಸ್ತಿ, ಕೈಬೆರಳ ಸಂದಿ, ಮಣಿಕಟ್ಟು, ಹೊಕ್ಕುಳ ಸುತ್ತ ಸಣ್ಣ ಗುಳ್ಳೆ, ಮನೆಯಲ್ಲಿ ಇನ್ನೊಬ್ಬರೂ ಕೆರೆಯುತ್ತಿದ್ದಾರೆ ಅಂದರೆ ಅದು ಕಜ್ಜಿ, ಅಂದರೆ ಚರ್ಮದೊಳಗೆ ಬಿಲ ತೋಡುವ ಹುಳ. ಅದಕ್ಕೆ ಬೇವೂ ಇಲ್ಲ, ಎಣ್ಣೆಯೂ ಇಲ್ಲ. ಡಾಕ್ಟರ್ ಪರ್ಮೆಥ್ರಿನ್ 5% ಕ್ರೀಮ್ ಬರೆದುಕೊಡುತ್ತಾರೆ. ಕತ್ತಿನಿಂದ ಪಾದದವರೆಗೆ ಹಚ್ಚಿ ರಾತ್ರಿಯಿಡೀ ಬಿಟ್ಟು ತೊಳೆಯಬೇಕು, ಒಂದೆರಡು ವಾರದಲ್ಲಿ ಇನ್ನೊಮ್ಮೆ, ಅದೂ ಮನೆಯವರೆಲ್ಲಾ ಒಂದೇ ದಿನ. ಹಾಸಿಗೆ ಬಟ್ಟೆ ಬಿಸಿನೀರಲ್ಲಿ ಒಗೆಯಬೇಕು.

ಗುಳ್ಳೆ ಏನೂ ಇಲ್ಲದೆ ಮೈಯೆಲ್ಲಾ ತುರಿಸುತ್ತಾ ವಾರಗಟ್ಟಲೆ ಹೋಗದಿದ್ದರೆ ರಕ್ತ ಪರೀಕ್ಷೆ ಮಾಡಿಸಿ, ಲಿವರ್, ಕಿಡ್ನಿ, ಥೈರಾಯ್ಡ್ ತೊಂದರೆಯಲ್ಲೂ ಹೀಗಾಗುತ್ತದೆ. ಗರ್ಭಿಣಿಯರಿಗೆ ಕೊನೆಯ ತಿಂಗಳುಗಳಲ್ಲಿ ಅಂಗೈ, ಅಂಗಾಲು ತುರಿಸಿದರೆ ಅವತ್ತೇ ತೋರಿಸಬೇಕು. ಕೀವು, ಜ್ವರ ಬಂದರೆ, ತುಟಿ ಊದಿದರೆ, ಉಸಿರು ಕಟ್ಟಿದರೆ ಇಲ್ಲಿ ಬರೆದದ್ದನ್ನು ಓದುತ್ತಾ ಕೂರಬೇಡಿ, ಹೊರಡಿ.

ಅಂದ ಹಾಗೆ, ಕೊಡವರ ಕಕ್ಕಡ ತಿಂಗಳ 18ನೇ ದಿನ, ಅಂದರೆ ಆಗಸ್ಟ್ 3ರ ಹೊತ್ತಿಗೆ ಆಫೀಸಿನಲ್ಲಿ ಯಾರಾದರೂ ನೇರಳೆ ಬಣ್ಣದ ಮದ್ದುಸೊಪ್ಪಿನ ಪಾಯಸ ತಂದುಕೊಡುತ್ತಾರೆ. ಅದರಲ್ಲಿ ಹದಿನೆಂಟು ಮದ್ದು ಇದೆ, ನಿಮ್ಮ ತುರಿಕೆಯೂ ಹೋಗುತ್ತದೆ ಅಂತ ಹೇಳುತ್ತಾರೆ. ತುರಿಕೆ ಹೋಗುವುದಿಲ್ಲ, ಕ್ರೀಮ್ ನಿಲ್ಲಿಸಬೇಡಿ. ಆದರೆ ಪಾಯಸ ಬಿಡಬೇಡಿ, ತುಂಬಾ ಚೆನ್ನಾಗಿರುತ್ತದೆ. ಆಮೇಲೆ ಮೂತ್ರ ಕೆಂಪಗೆ ಹೋದರೆ ಗಾಬರಿಯಾಗಿ ಇನ್ನೊಂದು ಪ್ರಶ್ನೆ ಹಾಕಬೇಡಿ, ಅದು ಸೊಪ್ಪಿನ ಬಣ್ಣ.